ಗಲ್ಲಾದಿಂದ ವೆಲ್ವೆಟ್ ಡಬ್ಬಿಗೆ: ನಾಣ್ಯದ ಮೇಲೆ ನಾಯಕರು ಬಂದ ಕಥೆ

ಮುಂಬಯಿಯ ಫೋರ್ಟಿನಲ್ಲಿ ರಿಸರ್ವ್ ಬ್ಯಾಂಕಿನ ಎದುರಿಗೇ ನಾಣ್ಯ ಅಚ್ಚು ಹಾಕುವ ಸರ್ಕಾರದ ಟಂಕಸಾಲೆ ಇದೆ. ದೇಶದಲ್ಲಿ ಇಂಥವು ಒಟ್ಟು ನಾಲ್ಕು. ಉಳಿದ ಮೂರು ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾದಲ್ಲಿವೆ. ಮುಂಬಯಿ ಟಂಕಸಾಲೆಯ ಸುತ್ತಲಿನ ಗಲ್ಲಿಗಳಲ್ಲಿ ಒಂದು ಕಾಲಕ್ಕೆ ಉಡುಪಿ ಹೋಟೆಲುಗಳು ತುಂಬಿದ್ದವು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರು ಈ ಭಾಗದಲ್ಲಿ ಎಷ್ಟೋ ಮಂದಿ. ಮುಂಬಯಿ ಕನ್ನಡಿಗರಲ್ಲಿ ನಾಣ್ಯದ ಹುಚ್ಚು ಹಿಡಿದವರನ್ನು ಮಾತಾಡಿಸಿದರೆ, ಮಾತು ಬೇಗನೆ ಹೋಟೆಲಿನ ಗಲ್ಲಾಕ್ಕೆ ಬಂದು ನಿಲ್ಲುತ್ತದೆ.

ಬ್ರಿಟಿಷರ ಕಾಲದಲ್ಲಿ ನಾಣ್ಯ ಎಂದರೆ ರಾಜ ಅಥವಾ ರಾಣಿಯ ತಲೆ. ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಆರನೇ ಜಾರ್ಜ್ ದೊರೆಯ ನಾಣ್ಯಗಳೇ ಓಡಿದವು. 1950ರಲ್ಲಿ ಅವನ ತಲೆ ಹೋಗಿ ಅಶೋಕನ ಸಿಂಹಗಳು ಬಂದವು. ಗಣರಾಜ್ಯದ ನಾಣ್ಯದ ಮೇಲೆ ಯಾವ ವ್ಯಕ್ತಿಯ ಮುಖವೂ ಇರಲಿಲ್ಲ. ಅದು ಒಳ್ಳೆಯ ಕ್ರಮವೇ ಆಗಿತ್ತು ಅಂತ ನನಗನ್ನಿಸುತ್ತದೆ. ಆದರೆ ಅದು ಉಳಿದದ್ದು ಬರೀ 14 ವರ್ಷ.

1964ರ ಮೇ ತಿಂಗಳಲ್ಲಿ ನೆಹರೂ ತೀರಿಕೊಂಡರು. ಅದೇ ವರ್ಷ ಅವರ ಮುಖವಿದ್ದ 1 ರೂಪಾಯಿ ಮತ್ತು 50 ಪೈಸೆ ನಾಣ್ಯಗಳು ಬಂದವು. ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯಗಳು ಇವೇ. 1969ರಲ್ಲಿ ಗಾಂಧೀಜಿಯ ಜನ್ಮ ಶತಮಾನೋತ್ಸವಕ್ಕೆ 20 ಪೈಸೆಯಿಂದ ಹಿಡಿದು ಬೆಳ್ಳಿಯ 10 ರೂಪಾಯಿವರೆಗೆ ನಾಲ್ಕು ನಾಣ್ಯಗಳು ಬಂದವು. ಆ 10 ರೂಪಾಯಿಯ ತೂಕ 15 ಗ್ರಾಂ, ಅದರಲ್ಲಿ ನೂರಕ್ಕೆ 80 ಭಾಗ ಬೆಳ್ಳಿ. ಈ ನಾಣ್ಯಗಳ ಮೇಲೆ ಅಚ್ಚಾದ ಇಸವಿ ಇಲ್ಲ, ‘1869-1948’ ಎಂದಷ್ಟೇ ಇದೆ. ಇದನ್ನು ನೋಡಿ ‘ನಮ್ಮಜ್ಜನ ಕಾಲದ್ದು, 1869ರದು’ ಎಂದು ಎದೆಯುಬ್ಬಿಸಿ ತರುವವರು ಇವತ್ತಿಗೂ ಇದ್ದಾರೆ. ಆಗ ಗಾಂಧೀಜಿ ಇನ್ನೂ ತೊಟ್ಟಿಲಲ್ಲಿದ್ದರು, ಅಲ್ವಾ!

ಜನರ ನೆನಪಿನಲ್ಲಿ ಗಟ್ಟಿಯಾಗಿ ಕೂತದ್ದು ಮಾತ್ರ 1985ರ ಇಂದಿರಾ ಗಾಂಧಿ ನಾಣ್ಯ. ಅಗಲ 31 ಮಿಲಿಮೀಟರ್, ತೂಕ 12.5 ಗ್ರಾಂ, ಅಂಗೈ ತುಂಬುವಂಥ 5 ರೂಪಾಯಿ. ಆಗ 5 ರೂಪಾಯಿ ಎಂದರೆ ನೋಟು. ಮಾಮೂಲಿ 5ರ ನಾಣ್ಯ ಬಂದದ್ದು 1992ರಲ್ಲಿ. ಹಾಗಾಗಿ ಇದು ಕೈಗೆ ಸಿಕ್ಕವರಿಗೆ ಖರ್ಚು ಮಾಡಲು ಮನಸ್ಸೇ ಬರಲಿಲ್ಲ. ಎತ್ತಿಟ್ಟವರು ಜಾಸ್ತಿ. ಈಗ ಅದು ಬೇಕಾದಷ್ಟು ಸಿಗುವುದೂ, ದೊಡ್ಡ ಬೆಲೆ ಬಾರದಿರುವುದೂ ಇದೇ ಕಾರಣಕ್ಕೆ.

ಗಲ್ಲಾದ ಮೇಲೆ ಕೂತವನಿಗೆ ನಾಣ್ಯ ನೋಡಲು ಪುರುಸೊತ್ತು ಇರುವುದಿಲ್ಲ. ಬೆಳಗಿನ ಇಡ್ಲಿ-ಚಹಾ ಗಿರಾಕಿಗಳ ನಡುವೆ ಬೆರಳೇ ನೋಡಬೇಕು. 1992ರಿಂದ ಬಂದ 2 ರೂಪಾಯಿಗೆ 11 ಮೂಲೆ. ಬಟ್ಟಲಿಗೆ ಕೈ ಹಾಕಿದರೆ ಮೂಲೆ ಸಿಕ್ಕಿತು, 2 ರೂಪಾಯಿ ಅಂತ ಗೊತ್ತಾಯಿತು. ಹೆಬ್ಬೆರಳಲ್ಲಿ ಸವರಿದರೆ ಕೆಲವದರಲ್ಲಿ ಮಾಮೂಲಿ ನಾಣ್ಯದ ಭಾರತದ ಭೂಪಟದ ಬದಲು ಯಾರೋ ನಾಯಕರ ಮೂಗು, ಹಣೆ ಸಿಗುತ್ತದೆ. ಅದನ್ನು ಪಕ್ಕಕ್ಕೆ ಸರಿಸಿ, ಜೇಬಿನಿಂದ ಬೇರೆ 2 ರೂಪಾಯಿ ಗಲ್ಲಾಕ್ಕೆ ಹಾಕಿದರೆ ಲೆಕ್ಕ ಸರಿ. ಚಿಲ್ಲರೆಯ ಬರಗಾಲದಲ್ಲಿ, ಗಿರಾಕಿಗೆ ಚಾಕಲೇಟು ಕೊಟ್ಟು ಸುಧಾರಿಸುತ್ತಿದ್ದ ದಿನಗಳಲ್ಲಿ, ಹೀಗೆ ಚಿಲ್ಲರೆ ಎತ್ತಿಟ್ಟರೆ ಧಣಿಗಳ ಕಣ್ಣು ಕೆಂಪಾಗುತ್ತಿತ್ತು.

ಆ 11 ಮೂಲೆಯ ನಾಣ್ಯಗಳ ಮೇಲೆ ಯಾರೆಲ್ಲ ಬಂದರು ನೋಡಿ. 1996ರಲ್ಲಿ ಸರ್ದಾರ್ ಪಟೇಲ್, ಆಮೇಲೆ ನೇತಾಜಿ, 1998ರಲ್ಲಿ ಚಿತ್ತರಂಜನ್ ದಾಸ್, 2001ರಲ್ಲಿ ಶ್ಯಾಮಾಪ್ರಸಾದ್ ಮುಖರ್ಜಿ. ದೆಹಲಿಯ ಗಾಳಿ ಯಾವ ಕಡೆಗೆ ಬೀಸುತ್ತಿತ್ತು ಎಂಬುದು ಈ ನಾಣ್ಯಗಳಲ್ಲೇ ಕಾಣುತ್ತದೆ. ಯಾರ ಮುಖ ಬರಬೇಕು, ಯಾವ ಲೋಹ, ಎಷ್ಟು ತೂಕ ಎಂಬುದನ್ನು ಕೇಂದ್ರ ಸರ್ಕಾರ ನಿರ್ಧರಿಸಿ ಗೆಜೆಟ್‌ನಲ್ಲಿ ಪ್ರಕಟಿಸುತ್ತದೆ. ರಿಸರ್ವ್ ಬ್ಯಾಂಕಿನದು ಹಂಚುವ ಕೆಲಸ ಮಾತ್ರ. ರಾಜೀವ್ ಗಾಂಧಿ ತೀರಿಕೊಂಡ 1991ರಲ್ಲೇ ಅವರ 1 ರೂಪಾಯಿ ಬಂತು. ಜನಸಂಘದ ಸ್ಥಾಪಕ ಮುಖರ್ಜಿಯವರ ನಾಣ್ಯ, ಜೆಪಿ ಅಂದರೆ ಜಯಪ್ರಕಾಶ ನಾರಾಯಣರ 1 ರೂಪಾಯಿ ಬಂದದ್ದು ವಾಜಪೇಯಿ ಸರ್ಕಾರವಿದ್ದಾಗ. ಕಾಮರಾಜ್, ಅಣ್ಣಾದೊರೈ, ಎಂಜಿಆರ್ ಎಂದು ತಮಿಳುನಾಡಿನ ಹೆಸರುಗಳಂತೂ ಸಾಲಾಗಿ ಬಂದವು. 2009ರ ಅಣ್ಣಾ ನಾಣ್ಯದ ಮೇಲೆ ಅವರ ತಮಿಳು ಸಹಿಯೇ ಇದೆ. ಕನ್ನಡಿಗರು ಹುಡುಕಿಕೊಂಡು ಹೋಗುವುದು ಬಸವಣ್ಣನ 5 ರೂಪಾಯಿಯನ್ನು. ಅವರು ರಾಜಕಾರಣಿಯಲ್ಲ ನಿಜ, ಬಿಜ್ಜಳನ ಭಂಡಾರಿಯಾಗಿದ್ದವರು ಅನ್ನುವ ನೆಪದಲ್ಲಿ ಇಲ್ಲಿ ಸೇರಿಸಿಕೊಂಡೆ.

1990ರ ಅಂಬೇಡ್ಕರ್ 1 ರೂಪಾಯಿಯ ಮಾತೇ ಬೇರೆ. ವಿ.ಪಿ. ಸಿಂಗ್ ಸರ್ಕಾರ ಅವರಿಗೆ ಭಾರತರತ್ನ ಕೊಟ್ಟದ್ದೂ ಅದೇ ವರ್ಷ. ಅವರು ತೀರಿಕೊಂಡ ದಿನವಾದ ಡಿಸೆಂಬರ್ 6ಕ್ಕೆ ದಾದರಿನಲ್ಲಿರುವ ಅವರ ಸ್ಮಾರಕ ಚೈತ್ಯಭೂಮಿಗೆ ಬರುವ ಎಷ್ಟೋ ಜನರಿಗೆ ಆ ನಾಣ್ಯ ಸಂಗ್ರಹದ ವಸ್ತುವೇ ಅಲ್ಲ. ಅದರ ರೇಟು ಎಷ್ಟು ಅಂತ ಅವರನ್ನು ಕೇಳುವುದು ಸರಿಯಲ್ಲ.

ಇಷ್ಟರವರೆಗಿನದು ಕೈಯಿಂದ ಕೈಗೆ ದಾಟಿದ ನಾಣ್ಯಗಳ ಕಥೆ. ಈಚೆಗೆ ಬಂದವುಗಳಲ್ಲಿ ಹೆಚ್ಚಿನವು ಗಲ್ಲಾ ನೋಡುವುದೇ ಇಲ್ಲ. 2018ರ ವಾಜಪೇಯಿ, 2020ರ ವಿಜಯರಾಜೇ ಸಿಂಧಿಯಾ, 2023ರ ಎನ್‌ಟಿಆರ್, 2024ರ ಕರುಣಾನಿಧಿ — ಎಲ್ಲವೂ 100 ರೂಪಾಯಿಯವು. ತೂಕ 35 ಗ್ರಾಂ, ಅರ್ಧ ಬೆಳ್ಳಿ, 40 ಭಾಗ ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. ಸಮಾರಂಭದಲ್ಲಿ ಬಿಡುಗಡೆಯಾಗುತ್ತವೆ, ಫೋಟೋ ಪೇಪರಿನಲ್ಲಿ ಬರುತ್ತದೆ, ಆಮೇಲೆ ಟಂಕಸಾಲೆ ಅವನ್ನು ಡಬ್ಬಿಯಲ್ಲಿಟ್ಟು ಮಾರುತ್ತದೆ. ಮುಖಬೆಲೆ ನೂರು, ಕೊಳ್ಳುವ ಬೆಲೆ ಸಾವಿರಗಳಲ್ಲಿ. ಕಾನೂನಿನ ಪ್ರಕಾರ ಇದೂ ದುಡ್ಡೇ. 2011ರ ನಾಣ್ಯ ಕಾಯ್ದೆಯಂತೆ 1000 ರೂಪಾಯಿವರೆಗಿನ ನಾಣ್ಯ ಅಚ್ಚು ಹಾಕಬಹುದು. ಆದರೆ ಇದನ್ನು ಕೊಟ್ಟು ಮಸಾಲೆ ದೋಸೆ ತಿನ್ನುವವರು ಯಾರೂ ಇಲ್ಲ. ನನಗೆ ಇವು ನಾಣ್ಯಕ್ಕಿಂತ ಪದಕದ ಹಾಗೆ ಕಾಣುತ್ತವೆ. ಹೊಳಪು ಚೆನ್ನಾಗಿದೆ, ಆದರೆ ಯಾರ ಬೆವರೂ ತಾಗಿಲ್ಲ. ಅದರಲ್ಲೂ ಮುಂಬಯಿಯ ಉಪ್ಪುಗಾಳಿಗೆ ಡಬ್ಬಿ ತೆರೆದಿಟ್ಟರೆ ತಾಮ್ರ ಬೆರೆತ ಈ ಬೆಳ್ಳಿ ಬೇಗ ಕಪ್ಪಾಗುತ್ತದೆ.

ಡಬ್ಬಿಯ ನಾಣ್ಯಕ್ಕೆ ಸಾವಿರಗಟ್ಟಲೆ ಬೆಲೆ ಅಂತ ಕೇಳಿದವರಿಗೆ ಗಲ್ಲಾದ ನಾಣ್ಯಕ್ಕೂ ಲಕ್ಷ ಬರಬಹುದು ಎಂಬ ಆಸೆ ಹುಟ್ಟಿತು. ಮೋಸಗಾರರಿಗೆ ಬೇಕಾದದ್ದೂ ಅದೇ. ‘ಇಂದಿರಾ ಗಾಂಧಿ ನಾಣ್ಯ ಇದ್ದರೆ ಲಕ್ಷ ಕೊಡ್ತೀವಿ, ಮೊದಲು ಫೀಸು ಕಟ್ಟಿ’ ಎಂದು ಫೋನಿನಲ್ಲಿ ಬರುವ ಮೆಸೇಜುಗಳ ಮೂಲ ಇದು. ಹಳೆಯ ನಾಣ್ಯ, ನೋಟಿನ ವ್ಯವಹಾರಕ್ಕೆ ತಾನು ಯಾವ ಕಮಿಷನ್ನೂ ಕೇಳುವುದಿಲ್ಲ, ಬೇರೆಯವರಿಗೂ ಆ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ.

ನಾಣ್ಯ ಬಲ್ಲವರು ಕೊಳ್ಳುವ ಮೊದಲು ಭೂತಗನ್ನಡಿ ಹಿಡಿದು ಟಂಕಸಾಲೆಯ ಗುರುತು ಹುಡುಕುತ್ತಾರೆ. ಪುಟ್ಟ ವಜ್ರ ಇದ್ದರೆ ಮುಂಬಯಿ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ನಾಯಕರ ಒಂದೇ ನಾಣ್ಯ ಒಂದು ಕಡೆ ರಾಶಿ, ಇನ್ನೊಂದು ಕಡೆ ಕಡಿಮೆ ಅಚ್ಚಾಗಿದ್ದರೆ ಬೆಲೆಯಲ್ಲಿ ವ್ಯತ್ಯಾಸ ಬರುವುದು ಇಲ್ಲೇ. ಆಮೇಲೆ ಅಂಚು ಸವೆದಿದೆಯಾ ನೋಡುತ್ತಾರೆ. ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿದ ನಾಣ್ಯವನ್ನಂತೂ ಮುಟ್ಟದೆ ವಾಪಸ್ ಕೊಡುತ್ತಾರೆ.