ಶ್ರೇಷ್ಠ ಬ್ಯಾಂಡ್ ಯಾವುದು: ಕೊಳಗ ಬದಲಾದಾಗಲೆಲ್ಲ ಬದಲಾದ ಉತ್ತರ

2003ರಲ್ಲಿ ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 500 ಶ್ರೇಷ್ಠ ಆಲ್ಬಂಗಳ ಪಟ್ಟಿ ಮಾಡಿದಾಗ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್ಸ್’ ಮೊದಲ ಸ್ಥಾನದಲ್ಲಿತ್ತು. 2020ರಲ್ಲಿ ಅದೇ ಪತ್ರಿಕೆ ಪಟ್ಟಿಯನ್ನು ಹೊಸದಾಗಿ ಮಾಡಿತು. ಅದೇ ಆಲ್ಬಂ 24ಕ್ಕೆ ಇಳಿಯಿತು, ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಮೊದಲ ಸ್ಥಾನಕ್ಕೆ ಏರಿತು. 1967ರ ‘ಸಾರ್ಜೆಂಟ್ ಪೆಪ್ಪರ್ಸ್’ನ ಒಂದು ಸ್ವರವೂ ಈ 17 ವರ್ಷಗಳಲ್ಲಿ ಬದಲಾಗಿರಲಿಲ್ಲ. ಬದಲಾಗಿದ್ದು ಮತ ಹಾಕಿದವರು.

ನೆಚ್ಚಿನ ಬ್ಯಾಂಡ್ ಬಗ್ಗೆ ಹಟ ಹಿಡಿದು ವಾದಿಸುವವರೆಲ್ಲ ಗಮನಿಸಬೇಕಾದ ಸಂಗತಿ ಇದು. ಜಗಳ ಬ್ಯಾಂಡ್‌ಗಳ ನಡುವಿನದು ಎಂದು ಕಂಡರೂ ನಿಜವಾದ ಜಗಳ ಅಳೆಯುವ ಕೊಳಗದ್ದು. ಒಬ್ಬ ಮಾರಾಟದ ಲೆಕ್ಕ ಹಿಡಿದಿರುತ್ತಾನೆ, ಇನ್ನೊಬ್ಬ ಪ್ರಭಾವದ್ದು, ಮತ್ತೊಬ್ಬ ಗಿಟಾರ್ ಕೈಚಳಕದ್ದು. ಮೂವರೂ ಸರಿಯಾಗಿಯೇ ಅಳೆದಿರುತ್ತಾರೆ, ಆದರೆ ಅಳೆದ ಪಾತ್ರೆ ಒಂದೇ ಅಲ್ಲ.

ಇಂತಿಷ್ಟೇ ಆರಿಸಿಕೊಳ್ಳಬೇಕು ಎಂಬ ಕಟ್ಟುಪಾಡನ್ನು ಮನೆಮನೆಗೆ ತಲುಪಿಸಿದ್ದು ರೇಡಿಯೋ. 1942ರ ಜನವರಿಯಲ್ಲಿ ಬಿಬಿಸಿಯಲ್ಲಿ ರಾಯ್ ಪ್ಲಾಮ್ಲಿ ಶುರು ಮಾಡಿದ ‘ಡೆಸರ್ಟ್ ಐಲೆಂಡ್ ಡಿಸ್ಕ್ಸ್’ ಕಾರ್ಯಕ್ರಮದಲ್ಲಿ, ನಿರ್ಜನ ದ್ವೀಪದಲ್ಲಿ ಸಿಕ್ಕಿಕೊಂಡರೆ ಜೊತೆಗೆ ಯಾವ 8 ರೆಕಾರ್ಡು ಇರಬೇಕು ಎಂದು ಅತಿಥಿಯನ್ನು ಕೇಳುತ್ತಿದ್ದರು. ಅಲ್ಲಿ ‘ಶ್ರೇಷ್ಠ’ ಎಂಬ ಮಾತೇ ಇರಲಿಲ್ಲ. ಉತ್ತರ ಪೂರ್ತಿ ಸ್ವಂತದ್ದು, ಅದಕ್ಕೆ ಸಮರ್ಥನೆಯೂ ಬೇಕಿರಲಿಲ್ಲ.

ಹತ್ತು ವರ್ಷ ಕಳೆದ ಮೇಲೆ ಸಂಖ್ಯೆಗಳು ಬಂದವು. 1952ರ ನವೆಂಬರ್ 14ರಂದು ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆ ಬ್ರಿಟನ್ನಿನ ಮೊದಲ ಮಾರಾಟ ಪಟ್ಟಿಯನ್ನು ಅಚ್ಚು ಮಾಡಿತು. ಆ ಪತ್ರಿಕೆಯ ಪರ್ಸಿ ಡಿಕಿನ್ಸ್ ಸುಮಾರು 20 ಅಂಗಡಿಗಳಿಗೆ ಫೋನ್ ಮಾಡಿ, ಯಾವುದು ಹೆಚ್ಚು ಹೋಯಿತು ಎಂದು ಕೇಳಿ ಬರೆದುಕೊಂಡ ಲೆಕ್ಕ ಅದು. ಅಲ್ಲಿಂದ ಮುಂದೆ ‘ನನಗೆ ಇಷ್ಟ’ ಎಂಬ ಮಾತಿನ ಪಕ್ಕದಲ್ಲಿ ‘ಇಷ್ಟು ಮಾರಾಟವಾಗಿದೆ’ ಎಂಬ ಮಾತೂ ಬಂದು ಕೂತಿತು.

ಆದರೆ ಆ ಸಂಖ್ಯೆಗಳನ್ನು ನಂಬುವ ಮೊದಲು ಅವು ಹೇಗೆ ಹುಟ್ಟುತ್ತವೆ ಎಂದು ನೋಡಬೇಕು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿ ದಶಕಗಳ ಕಾಲ ಅಂಗಡಿಯವರ ಮಾತಿನ ಮೇಲೆ ನಿಂತಿತ್ತು. 1991ರ ಮೇ 25ರ ಸಂಚಿಕೆಯಿಂದ ಸೌಂಡ್‌ಸ್ಕ್ಯಾನ್ ವ್ಯವಸ್ಥೆ ಬಂತು, ಬಿಲ್ಲಿಂಗ್ ಯಂತ್ರದಲ್ಲಿ ಬಾರ್‌ಕೋಡ್ ಓದಿದ ಲೆಕ್ಕವೇ ಪಟ್ಟಿಯಾಯಿತು. ಮರುತಿಂಗಳೇ ಎನ್.ಡಬ್ಲ್ಯು.ಎ. ಎಂಬ ರ‍್ಯಾಪ್ ತಂಡ ಮೊದಲ ಸ್ಥಾನಕ್ಕೆ ಏರಿತು. ಸ್ಕಿಡ್ ರೋ ಎಂಬ ಹೆವಿ ಮೆಟಲ್ ಬ್ಯಾಂಡಿನ ಆಲ್ಬಂ ಬಿಡುಗಡೆಯಾದ ವಾರವೇ ಅಗ್ರಸ್ಥಾನ ಹಿಡಿಯಿತು. ಆಗಸ್ಟ್‌ನಲ್ಲಿ ಮೆಟಾಲಿಕಾ ಕೂಡ ನೇರ ಒಂದನೇ ಸ್ಥಾನದಲ್ಲಿ ಬಂದಿಳಿಯಿತು. ಮೆಟಲ್, ರ‍್ಯಾಪ್, ಹಳ್ಳಿಗಾಡಿನ ‘ಕಂಟ್ರಿ’ ಸಂಗೀತ ಕೇಳುವವರು ಒಂದೇ ಬೇಸಿಗೆಯಲ್ಲಿ ಹುಟ್ಟಿದವರಲ್ಲ. ಅವರು ಮೊದಲಿಂದಲೂ ಇದ್ದರು, ಲೆಕ್ಕ ಬರೆಯುವವರ ಕಣ್ಣಿಗೆ ಬಿದ್ದಿರಲಿಲ್ಲ.

ಚಿನ್ನ, ಪ್ಲಾಟಿನಂ ಪ್ರಮಾಣಪತ್ರಗಳಲ್ಲೂ ಇಂಥದೇ ಸೂಕ್ಷ್ಮ ಇದೆ. ಅಮೆರಿಕದ ರೆಕಾರ್ಡಿಂಗ್ ಕಂಪನಿಗಳ ಒಕ್ಕೂಟ ಪಿಂಕ್ ಫ್ಲಾಯ್ಡ್‌ನ ‘ದಿ ವಾಲ್’ಗೆ 23 ಪ್ಲಾಟಿನಂ ಕೊಟ್ಟಿದೆ. ಒಂದು ಪ್ಲಾಟಿನಂ ಎಂದರೆ 10 ಲಕ್ಷ. ಹಾಗಾದರೆ 2 ಕೋಟಿ 30 ಲಕ್ಷ ಪ್ರತಿ ಎಂದು ಹಲವರು ವಾದದಲ್ಲಿ ಎಸೆಯುತ್ತಾರೆ. ಅದು ಜೋಡಿ ಆಲ್ಬಂ, ಪ್ರತಿ ಡಿಸ್ಕನ್ನೂ ಬೇರೆ ಬೇರೆ ಎಣಿಸಿದ್ದಾರೆ. ಮಾರಾಟವಾದ ಸೆಟ್‌ಗಳ ಲೆಕ್ಕ ಹಿಡಿದರೆ ಅದರ ಅರ್ಧ, 1 ಕೋಟಿ 15 ಲಕ್ಷ. 2016ರ ಫೆಬ್ರವರಿಯಿಂದ ಹಾಡುಗಳ 1,500 ಸ್ಟ್ರೀಮ್‌ಗಳನ್ನು ಒಂದು ಆಲ್ಬಂ ಮಾರಾಟಕ್ಕೆ ಸಮ ಎಂದು ಎಣಿಸುತ್ತಿದ್ದಾರೆ. 1976ರ ಪ್ಲಾಟಿನಂ ಪಕ್ಕ 2020ರ ಪ್ಲಾಟಿನಂ ಇಟ್ಟು ತೂಗಿದರೆ ತಕ್ಕಡಿ ಸುಳ್ಳು ಹೇಳುತ್ತದೆ.

ಬ್ಲರ್ ಮತ್ತು ಓಯಸಿಸ್ ಬ್ಯಾಂಡ್‌ಗಳ ಹೋರಾಟವನ್ನೇ ತೆಗೆದುಕೊಳ್ಳಿ. 1995ರ ಆಗಸ್ಟ್ 14ರಂದು ಇಬ್ಬರೂ ಒಂದೇ ದಿನ ಸಿಂಗಲ್ (ಒಂದು ಹಾಡನ್ನು ಮುಂದಿಟ್ಟು ತರುವ ಕಿರು ರೆಕಾರ್ಡು) ಬಿಡುಗಡೆ ಮಾಡಿದರು. ವಾರದ ಕೊನೆಗೆ ಬ್ಲರ್ 2,74,000, ಓಯಸಿಸ್ 2,16,000. ಬ್ಲರ್ ತನ್ನ ಸಿಂಗಲನ್ನು ಎರಡು ಬೇರೆ ಬೇರೆ ಸಿಡಿಗಳಾಗಿ ಹೊರತಂದಿತ್ತು. ಕಟ್ಟಾ ಅಭಿಮಾನಿ ಎರಡನ್ನೂ ಕೊಂಡರೆ ಲೆಕ್ಕದಲ್ಲಿ ಎರಡು. ಬ್ಲರ್ ಗೆದ್ದದ್ದು ನಿಜ. ಆದರೆ ಆ 58,000ದ ಅಂತರವನ್ನು ‘ಇಷ್ಟು ಜನ ಹೆಚ್ಚು ಮೆಚ್ಚಿದರು’ ಎಂದು ಓದಿದರೆ ತಪ್ಪಾಗುತ್ತದೆ.

ಮಾರಾಟದ ಕೊಳಗದ ಮೇಲೆ ಅಸಮಾಧಾನಗೊಂಡವರು ವಿಮರ್ಶಕರು. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಾನ್ ವೆನ್ನರ್ ಮತ್ತು ರಾಲ್ಫ್ ಗ್ಲೀಸನ್ ‘ರೋಲಿಂಗ್ ಸ್ಟೋನ್’ ಆರಂಭಿಸಿದ ಮೇಲೆ ರಾಕ್ ಸಂಗೀತವನ್ನು ಸಾಹಿತ್ಯದಂತೆ ಓದುವ ಪದ್ಧತಿ ಬೆಳೆಯಿತು. ಅದರಿಂದ ಒಳ್ಳೆಯದೂ ಆಯಿತು, ಎಡವಟ್ಟೂ ಆಯಿತು. 1969ರಲ್ಲಿ ಅದೇ ಪತ್ರಿಕೆ ಲೆಡ್ ಜೆಪ್ಪೆಲಿನ್‌ನ ಮೊದಲ ಆಲ್ಬಮ್ಮನ್ನು ಹಳಿದಿತ್ತು. ಇಂದು ಆ ಬ್ಯಾಂಡ್ ಇಲ್ಲದ ‘ಸರ್ವಕಾಲಿಕ’ ಪಟ್ಟಿಯನ್ನು ಯಾರೂ ನಂಬುವುದಿಲ್ಲ.

ಮತ ಎಣಿಸುವ ಅತಿ ಜಾಣತನದ ಕ್ರಮ ಬಂದದ್ದು ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ವಾರಪತ್ರಿಕೆಯಿಂದ. ರಾಬರ್ಟ್ ಕ್ರಿಸ್ಟ್‌ಗೌ 1971ರಲ್ಲಿ ಶುರುಮಾಡಿ, 1974ರಿಂದ ಪ್ರತಿವರ್ಷ ನಡೆಸಿದ ‘ಪ್ಯಾಜ್ ಆ್ಯಂಡ್ ಜಾಪ್’ ಸಮೀಕ್ಷೆಯ ನಿಯಮ ಹೀಗಿತ್ತು: ಪ್ರತಿ ವಿಮರ್ಶಕನಿಗೆ 10 ಆಲ್ಬಂ, ಒಟ್ಟು 100 ಅಂಕ, ಒಂದಕ್ಕೆ ಕನಿಷ್ಠ 5, ಗರಿಷ್ಠ 30. ಮೊದಲನೆಯದಕ್ಕೂ ಎರಡನೆಯದಕ್ಕೂ ಎಷ್ಟು ಅಂತರ ಎಂಬುದನ್ನು ಬರಿಯ ಕ್ರಮಸಂಖ್ಯೆ ಹೇಳಲಾರದು, ಈ ಅಂಕ ಹೇಳುತ್ತದೆ. 30ರ ಮಿತಿ ಇರುವುದರಿಂದ ಒಬ್ಬನ ಹುಚ್ಚು ಅಭಿಮಾನ ಇಡೀ ಫಲಿತಾಂಶವನ್ನು ಎಳೆದಾಡುವುದಿಲ್ಲ. ಗೆಳೆಯರು ಕೂತು ಬ್ಯಾಂಡ್‌ಗಳ ಪಟ್ಟಿ ಮಾಡುವುದಾದರೆ ಇಂದಿಗೂ ಇದಕ್ಕಿಂತ ಒಳ್ಳೆಯ ಕ್ರಮ ಸಿಗುವುದು ಕಷ್ಟ.

ಎಣಿಕೆಯ ಕ್ರಮ ಎಷ್ಟು ಮುಖ್ಯ ಎಂಬುದಕ್ಕೆ ಸಣ್ಣದೊಂದು ಲೆಕ್ಕ ಸಾಕು. ಐದು ಜನ, ಮೂರು ಬ್ಯಾಂಡ್. ಇಬ್ಬರ ಕ್ರಮ ಮೆಟಾಲಿಕಾ, ಪಿಂಕ್ ಫ್ಲಾಯ್ಡ್, ಬೀಟಲ್ಸ್. ಇನ್ನಿಬ್ಬರದು ಬೀಟಲ್ಸ್, ಪಿಂಕ್ ಫ್ಲಾಯ್ಡ್, ಮೆಟಾಲಿಕಾ. ಐದನೆಯವನದು ಪಿಂಕ್ ಫ್ಲಾಯ್ಡ್, ಮೆಟಾಲಿಕಾ, ಬೀಟಲ್ಸ್. ಬರಿಯ ಮೊದಲ ಆಯ್ಕೆ ಎಣಿಸಿದರೆ ಮೆಟಾಲಿಕಾ ಮತ್ತು ಬೀಟಲ್ಸ್‌ಗೆ ತಲಾ 2, ಪಿಂಕ್ ಫ್ಲಾಯ್ಡ್‌ಗೆ 1, ಅದೇ ಕೊನೆ. ಮೊದಲಿಗೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಅಂಕ ಕೊಟ್ಟು ಕೂಡಿಸಿದರೆ ಪಿಂಕ್ ಫ್ಲಾಯ್ಡ್ 11, ಮೆಟಾಲಿಕಾ 10, ಬೀಟಲ್ಸ್ 9. ಕೊನೆಯಲ್ಲಿದ್ದದ್ದು ಮೊದಲಿಗೆ ಬಂತು. ಯಾರೂ ಮನಸ್ಸು ಬದಲಿಸಲಿಲ್ಲ.

ಬ್ಯಾಂಡಿಗೆ ಮತ ಹಾಕುವುದು, ಆಲ್ಬಮ್ಮಿಗೆ ಮತ ಹಾಕುವುದು ಒಂದೇ ಅಲ್ಲ. ಆಲ್ಬಂ ಪಟ್ಟಿಯಲ್ಲಿ ಒಳ್ಳೆಯ ರೆಕಾರ್ಡುಗಳು ಹೆಚ್ಚಿರುವ ಬ್ಯಾಂಡಿನ ಮತಗಳು ಅದರದೇ ಆಲ್ಬಂಗಳ ನಡುವೆ ಹಂಚಿಹೋಗುತ್ತವೆ. ಒಂದೇ ಮಹಾನ್ ಆಲ್ಬಂ ಮಾಡಿದ ಬ್ಯಾಂಡಿಗೆ ಆ ತೊಂದರೆ ಇಲ್ಲ. 2003ರ ‘ರೋಲಿಂಗ್ ಸ್ಟೋನ್’ ಪಟ್ಟಿಯಲ್ಲಿ 273 ಜನ ತಲಾ 50 ಆಲ್ಬಂ ಬರೆದುಕೊಟ್ಟಿದ್ದರು. ಅಷ್ಟು ಉದ್ದದ ಪಟ್ಟಿ ಕೇಳಿದ್ದರಿಂದ ಒಬ್ಬನೇ ಒಂದು ಬ್ಯಾಂಡಿನ ಹಲವು ಆಲ್ಬಂ ಬರೆಯಲು ಜಾಗವಿತ್ತು. ಬೀಟಲ್ಸ್ ಮೊದಲ ಹತ್ತರಲ್ಲಿ ನಾಲ್ಕು ಸ್ಥಾನ ಪಡೆಯಿತು. ತಲಾ 5 ಮಾತ್ರ ಕೇಳುವ ಪಟ್ಟಿಯಲ್ಲಿ ಇಂಥ ಬ್ಯಾಂಡಿಗೆ ಪೆಟ್ಟು ಬೀಳುವ ಸಾಧ್ಯತೆ ಹೆಚ್ಚು.

ಆ ಪಟ್ಟಿಯ ಮೊದಲ ಹತ್ತರಲ್ಲಿ ಏಳು ಆಲ್ಬಂಗಳು ಬ್ಯಾಂಡ್‌ಗಳವು: ಬೀಟಲ್ಸ್‌ನ ನಾಲ್ಕರ ಜೊತೆ ಬೀಚ್ ಬಾಯ್ಸ್, ರೋಲಿಂಗ್ ಸ್ಟೋನ್ಸ್, ಕ್ಲ್ಯಾಷ್. 2020ರಲ್ಲಿ ಬೀಚ್ ಬಾಯ್ಸ್, ಬೀಟಲ್ಸ್, ನಿರ್ವಾಣ, ಫ್ಲೀಟ್‌ವುಡ್ ಮ್ಯಾಕ್ ಎಂದು ನಾಲ್ಕಕ್ಕೆ ಇಳಿಯಿತು. ‘ಪ್ರಿನ್ಸ್ ಆ್ಯಂಡ್ ದಿ ರೆವಲ್ಯೂಷನ್’ ಎಂಬ ಹೆಸರಿನಲ್ಲಿ ಬಂದ ‘ಪರ್ಪಲ್ ರೇನ್’ ಸೇರಿಸಿದರೆ ಐದು. 2020ರ 500ರಲ್ಲಿ 154 ಆಲ್ಬಂಗಳು ಹೊಸದಾಗಿ ಸೇರಿದವು, 86 ಈ ಶತಮಾನದವು. ನಾಲ್ಕು ಜನ ಗಿಟಾರ್, ಬೇಸ್, ಡ್ರಮ್ ಹಿಡಿದು ನಿಂತರೆ ಅದೇ ಶ್ರೇಷ್ಠ ಸಂಗೀತದ ಸಹಜ ರೂಪ ಎಂಬ ನಂಬಿಕೆಯೇ ಸಡಿಲಗೊಂಡಿದೆ.

ಈ ನಂಬಿಕೆಗೆ ಒಂದು ಹೆಸರೂ ಇದೆ: ರಾಕಿಸಂ. 1981ರಲ್ಲಿ ಲಿವರ್‌ಪೂಲಿನ ಹಾಡುಗಾರ ಪೀಟ್ ವೈಲಿ ಈ ಪದ ಬಳಕೆಗೆ ತಂದರು. 2004ರ ಅಕ್ಟೋಬರ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಕೆಲೆಫಾ ಸಾನೆ ಬರೆದ ಲೇಖನ ಅದನ್ನು ದೊಡ್ಡ ಚರ್ಚೆಯಾಗಿಸಿತು. ತಾನೇ ಹಾಡು ಬರೆದು ತಾನೇ ನುಡಿಸುವುದು ಅಸಲಿ, ಡ್ಯಾನ್ಸ್ ಮತ್ತು ಪಾಪ್ ನಕಲಿ ಎಂಬ ಎಣಿಕೆಯಿಂದ ಕಪ್ಪು ಜನರ, ಹೆಣ್ಣುಮಕ್ಕಳ ಸಂಗೀತವೇ ಹೆಚ್ಚಾಗಿ ಪಟ್ಟಿಯಿಂದ ಹೊರಗುಳಿಯುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ನ ಬರಹಗಾರರು 1985ರಲ್ಲೇ ಮಾರ್ವಿನ್ ಗೇ ಆಲ್ಬಮ್ಮನ್ನು ಒಂದನೇ ಸ್ಥಾನದಲ್ಲಿ ಇಟ್ಟಿದ್ದರು. ಅದೇ ಪತ್ರಿಕೆಯ ಆಯ್ಕೆ 1974ರಲ್ಲಿ ‘ಸಾರ್ಜೆಂಟ್ ಪೆಪ್ಪರ್ಸ್’, 1993ರಲ್ಲಿ ಬೀಚ್ ಬಾಯ್ಸ್, 2013ರಲ್ಲಿ ದಿ ಸ್ಮಿತ್ಸ್. ಒಂದೇ ಕಚೇರಿ, ನಾಲ್ಕು ತಲೆಮಾರಿನ ಬರಹಗಾರರು, ನಾಲ್ಕು ಉತ್ತರ.

ಪಟ್ಟಿಗಳು ಕಾಗದದಲ್ಲಿ ಉಳಿಯದೆ ಕಟ್ಟಡವೂ ಆದವು. ಸಂಗೀತದ ಸಾಧಕರನ್ನು ಗೌರವಿಸಲು ಅಮೆರಿಕದಲ್ಲಿ 1983ರಲ್ಲಿ ಸ್ಥಾಪನೆಯಾದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ 1986ರಲ್ಲಿ ಮೊದಲ ಕಂತಿನ ಕಲಾವಿದರನ್ನು ಸೇರಿಸಿಕೊಂಡಿತು. ಎಲ್ಲರೂ ಗಂಡಸರು. ಅರೀಥಾ ಫ್ರಾಂಕ್ಲಿನ್ 1987ರಲ್ಲಿ ಸೇರಿದ ಮೊದಲ ಮಹಿಳೆ. ಮೊದಲ ರೆಕಾರ್ಡು ಬಂದು 25 ವರ್ಷ ಆಗಿರಬೇಕು ಎಂಬುದು ನಿಯಮ. ಒಂದು ಸಮಿತಿ ಹೆಸರು ಸೂಚಿಸುತ್ತದೆ, ಆಮೇಲೆ ಮತದಾನ. ಸಮಿತಿಯ ಕಣ್ಣಿಗೆ ಬೀಳದಿದ್ದರೆ ಮತದಾನದವರೆಗೂ ಹೋಗುವಂತಿಲ್ಲ. 1999ರಿಂದಲೇ ಅರ್ಹವಾಗಿದ್ದ ರಷ್ 2013ರಲ್ಲಿ, ಕಿಸ್ 2014ರಲ್ಲಿ ಸೇರಿದವು. ಕ್ರಾಫ್ಟ್‌ವರ್ಕ್ ಹೆಸರು ಆರು ಸಲ ಮತಪತ್ರದಲ್ಲಿ ಬಂದು ಸೋತು, ಕೊನೆಗೆ 2021ರಲ್ಲಿ ‘ಆರಂಭಿಕ ಪ್ರಭಾವ’ ಎಂಬ ಬೇರೆ ಬಾಗಿಲಿನಿಂದ ಒಳಗೆ ಬಂತು. ಸೆಕ್ಸ್ ಪಿಸ್ಟಲ್ಸ್ 2006ರಲ್ಲಿ ಗೌರವವನ್ನೇ ತಿರಸ್ಕರಿಸಿತು.

ಬ್ಯಾಂಡ್ ಎಂದರೆ ಯಾರು ಎಂಬ ಕಗ್ಗಂಟೂ ಅಲ್ಲೇ ಬಯಲಾದದ್ದು. 2016ರಲ್ಲಿ ಡೀಪ್ ಪರ್ಪಲ್ ಸೇರಿದಾಗ ಮೊದಲ ಹಾಡುಗಾರ ರಾಡ್ ಇವಾನ್ಸ್‌ಗೆ ಜಾಗ ಸಿಕ್ಕಿತು, ಅದೇ ತಂಡದ ಮೊದಲ ಬೇಸ್ ವಾದಕ ನಿಕ್ ಸಿಂಪರ್‌ಗೆ ಸಿಗಲಿಲ್ಲ. ಹಾಗಾಗಿ ಪಟ್ಟಿಯಲ್ಲಿ ಬ್ಯಾಂಡಿನ ಹೆಸರಿನ ಪಕ್ಕ ವರ್ಷಗಳನ್ನೂ ಬರೆಯುವುದು ಒಳ್ಳೆಯದು. ಬರೇ ‘ಬ್ಲ್ಯಾಕ್ ಸಬ್ಬಾತ್’ ಎಂದರೆ ಹಾಡುಗಾರ ಆಜಿ ಆಸ್ಬರ್ನ್ ಕಾಲದ್ದೋ ರಾನಿ ಜೇಮ್ಸ್ ಡಿಯೋ ಕಾಲದ್ದೋ ಎಂಬಲ್ಲಿಗೇ ಜಗಳ ತಿರುಗುತ್ತದೆ. ‘ಫ್ಲೀಟ್‌ವುಡ್ ಮ್ಯಾಕ್’ ಎಂದರೆ ಪೀಟರ್ ಗ್ರೀನ್‌ರ ಬ್ಲೂಸ್ ತಂಡವೋ 1975ರ ನಂತರದ್ದೋ ಎಂದು ಕೇಳಬೇಕಾಗುತ್ತದೆ.

ಸ್ವಂತ ಪಟ್ಟಿ ಮಾಡುವವರು ಮೊದಲು ಮನಸ್ಸಿಗೆ ಬಂದ 30 ಹೆಸರು ಬರೆಯಲಿ. ಪ್ರತಿ ಬ್ಯಾಂಡಿನ ಕನಿಷ್ಠ ಎರಡು ಪೂರ್ತಿ ಆಲ್ಬಂ ಕೇಳಿಲ್ಲದಿದ್ದರೆ ಹೆಸರು ಹೊಡೆದುಹಾಕಲಿ. ಹಿಟ್‌ಗಳ ಸಂಕಲನ ಲೆಕ್ಕಕ್ಕಿಲ್ಲ. ಇಲ್ಲಿಗೇ ಪಟ್ಟಿ ಅರ್ಧವಾಗುತ್ತದೆ. ಉಳಿದವುಗಳಲ್ಲಿ ಪ್ರತಿ ಬ್ಯಾಂಡಿನ ಅತಿ ದುರ್ಬಲ ಆಲ್ಬಮ್ಮನ್ನೂ ಒಮ್ಮೆ ಕೇಳಬೇಕು. ಅದರಲ್ಲೂ ಎರಡು ಹಾಡು ಉಳಿಯುವಂತಿದ್ದರೆ ಆ ಬ್ಯಾಂಡ್ ಗಟ್ಟಿ. ನಂತರ ವಯಸ್ಸಿನ ಲೆಕ್ಕ. ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ಅತಿ ಹೆಚ್ಚು ಮೆಚ್ಚಿದ್ದು ತಮಗೆ ಸುಮಾರು 23.5 ವರ್ಷ ಆಗಿದ್ದಾಗ ಬಂದ ಹಾಡುಗಳನ್ನು. ನಿಮ್ಮ ಹತ್ತರಲ್ಲಿ ಎಂಟು ಬ್ಯಾಂಡ್ ನಿಮ್ಮ 15ರಿಂದ 25ರ ನಡುವೆ ಹೆಸರು ಮಾಡಿದವಾದರೆ ಅದು ‘ನೆಚ್ಚಿನ’ ಪಟ್ಟಿ. ‘ಶ್ರೇಷ್ಠ’ ಎಂದು ಕರೆಯಲು ಇನ್ನಷ್ಟು ಕೇಳಬೇಕು. ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದರೆ ಅರ್ಧ ವಾದ ಅಲ್ಲೇ ಕರಗುತ್ತದೆ.

ಸಮರ್ಥನೆಗೆ ಕೂತಾಗ ಕೊಳಗ ಯಾವುದೆಂದು ಮೊದಲೇ ಹೇಳಿ, ನಡುವೆ ಬದಲಿಸಬಾರದು. ಬಹುತೇಕ ವಾದ ಕೆಡುವುದು ಇಲ್ಲೇ. ಬೀಟಲ್ಸ್ ಪರ ಮಾರಾಟ ಹೇಳಿ, ವೆಲ್ವೆಟ್ ಅಂಡರ್‌ಗ್ರೌಂಡ್ ಬಂದಾಗ ಪ್ರಭಾವಕ್ಕೆ ಜಾರುವುದು ಸಲ್ಲದು. ಆ ಬ್ಯಾಂಡಿನ 1967ರ ಮೊದಲ ಆಲ್ಬಂ ಬಿಲ್‌ಬೋರ್ಡ್‌ನಲ್ಲಿ ಆ ಕಾಲದಲ್ಲಿ 171ರ ಮೇಲೆ ಏರಲೇ ಇಲ್ಲ. ಪ್ರಭಾವ ಎನ್ನುವವರು ಇಂಥ ರೆಕಾರ್ಡಿನ ಇಂಥ ಗುಣ ಆಮೇಲಿನ ಇಂಥ ರೆಕಾರ್ಡಿನಲ್ಲಿ ಕೇಳಿಸುತ್ತದೆ ಎಂದು ಎರಡನ್ನೂ ನುಡಿಸಿ ತೋರಿಸಬೇಕು. ಬಾಳಿಕೆ ಎನ್ನುವವರಿಗೆ ಬೀಟಲ್ಸ್ ರೆಕಾರ್ಡು ಮಾಡಿದ್ದು 1962ರಿಂದ 1970ರವರೆಗೆ ಮಾತ್ರ ಎಂಬುದು ನೆನಪಿರಲಿ.

ಯಾವ ಊರಿನಲ್ಲಿ ಯಾವ ಬ್ಯಾಂಡಿಗೆ ಪಟ್ಟು ಹಿಡಿಯುತ್ತಾರೆ ಎಂಬುದರಲ್ಲಿ ವೇದಿಕೆಗಳ ಪಾಲೂ ಇದೆ. ಬೆಂಗಳೂರಿನ ಅರಮನೆ ಮೈದಾನಕ್ಕೆ 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬಂತು. 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅಲ್ಲೇ ನುಡಿಸಿದವು. ಈ ನಗರದಲ್ಲಿ ಮೇಡನ್ ಪರ ವಾದಿಸುವವರ ದನಿ ಇಷ್ಟು ಗಟ್ಟಿಯಾಗಿರುವುದಕ್ಕೆ 2007ರ ಆ ಸಂಜೆಯೂ ಒಂದು ಕಾರಣ.

ನಮ್ಮ ಬ್ಯಾಂಡ್‌ಗಳು ಆ 500ರ ಪಟ್ಟಿಗಳಲ್ಲಿ ಕಾಣದಿರುವುದಕ್ಕೆ ಗುಣಮಟ್ಟಕ್ಕಿಂತ ಮತದಾರರ ಕಿವಿಗೆ ಬೀಳದಿರುವುದೇ ದೊಡ್ಡ ಕಾರಣ. ಕನ್ನಡದಲ್ಲೂ ಹಾಡುವ ರಘು ದೀಕ್ಷಿತ್ ಪ್ರಾಜೆಕ್ಟ್ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ನುಡಿಸಿದ ಮೇಲೆ, 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಅದಕ್ಕೆ ಹೊಸ ಪ್ರತಿಭೆಯ ಪ್ರಶಸ್ತಿ ಕೊಟ್ಟಿತು. ಬೆಂಗಳೂರಿನ ಮೆಟಲ್ ಬ್ಯಾಂಡ್ ಕ್ರಿಪ್ಟೋಸ್ ಹುಟ್ಟಿದ್ದು 1998ರಲ್ಲಿ, ಜರ್ಮನಿಯ ವಾಕನ್ ಉತ್ಸವದ ವೇದಿಕೆಯವರೆಗೆ ಹೋಗಿದೆ. ಇದೇ ಊರಿನ ರಾಕ್ ಬ್ಯಾಂಡ್ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ 1996ರಿಂದ ಇದೆ, ಮೊದಲ ಆಲ್ಬಂ 2000ದಲ್ಲಿ ಬಂತು. ಹಾಲ್ ಆಫ್ ಫೇಮಿನ 25 ವರ್ಷದ ಅಳತೆಯನ್ನೇ ಹಿಡಿದರೂ ಅದು ಈಗಾಗಲೇ ಅರ್ಹ.