ಯುದ್ಧ ಬೇಡ ಎಂದ ರಿಯಲಿಸ್ಟ್‌ಗಳು

ಎಲ್ಲಾದರೂ ಯುದ್ಧ ಶುರುವಾದರೆ ಸಾಕು, ಅಂಕಣಗಳಲ್ಲಿ, ಟಿವಿ ಚರ್ಚೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: ಬಲ ಇದ್ದವನು ಮಾಡಿದ್ದೇ ಮಾಟ, ಇಲ್ಲದವನು ಅನುಭವಿಸಬೇಕು, ಅಷ್ಟೇ. ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಹೀಗೆ ಹೇಳಿದ ಎಂದು ಹೆಸರನ್ನೂ ಸೇರಿಸುತ್ತಾರೆ. ಅಂತರರಾಷ್ಟ್ರೀಯ ಸಂಬಂಧಗಳ ಪಾಠದಲ್ಲಿ ರಿಯಲಿಸಂ, ಅಂದರೆ ದೇಶಗಳನ್ನು ನಡೆಸುವುದು ಅಧಿಕಾರ ಮತ್ತು ಸ್ವಹಿತ ಎನ್ನುವ ವಾಸ್ತವವಾದ, ಸಾಮಾನ್ಯವಾಗಿ ಶುರುವಾಗುವುದೂ ಇಲ್ಲಿಂದಲೇ.

ಆದರೆ ಅದು ಥುಸಿಡಿಡೀಸನ ಸ್ವಂತ ಮಾತಲ್ಲ. ಕ್ರಿ.ಪೂ. 416ರಲ್ಲಿ ಮೀಲೋಸ್ ಎಂಬ ಪುಟ್ಟ ದ್ವೀಪಕ್ಕೆ ಬಂದಿಳಿದ, ಸ್ಪಾರ್ಟಾ ಜೊತೆ ಸೆಣಸುತ್ತಿದ್ದ ಅಥೆನ್ಸ್ ನಗರದ ದೂತರ ಬಾಯಿಂದ ಅವನು ಅದನ್ನು ಆಡಿಸುತ್ತಾನೆ. ನಾವು ಯಾರ ಕಡೆಗೂ ಇಲ್ಲ, ನಮ್ಮ ಪಾಡಿಗೆ ನಮ್ಮನ್ನು ಬಿಡಿ ಎಂದು ಮೀಲೋಸ್‌ನವರು ಕೇಳಿಕೊಂಡರು. ಅಥೆನ್ಸ್ ಬಿಡಲಿಲ್ಲ. ಮುತ್ತಿಗೆ ಹಾಕಿ ಊರನ್ನು ಹಿಡಿಯಿತು, ಸಿಕ್ಕ ಗಂಡಸರನ್ನು ಕೊಂದಿತು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿತು. ಇದಾದ ಮೇಲೆ ಥುಸಿಡಿಡೀಸನ ಕಥನ ನೇರವಾಗಿ ಸಿಸಿಲಿಗೆ ತಿರುಗುತ್ತದೆ. ಮರುವರ್ಷವೇ ಅಲ್ಲಿಗೆ ದಂಡೆತ್ತಿ ಹೋದ ಅಥೆನ್ಸ್, 413ರ ಹೊತ್ತಿಗೆ ಹಡಗುಗಳನ್ನೂ ಸೈನ್ಯವನ್ನೂ ಕಳೆದುಕೊಂಡಿತು. 404ರಲ್ಲಿ ಸ್ಪಾರ್ಟಾಕ್ಕೆ ಶರಣಾಯಿತು. ಈ ಎರಡು ಭಾಗಗಳನ್ನು ಒಟ್ಟಿಗೆ ಓದಿದವರಿಗೆ ಇದು ಬಲದ ಹೊಗಳಿಕೆ ಅಂತ ಅನ್ನಿಸುವುದು ಕಷ್ಟ.

ಥುಸಿಡಿಡೀಸನಿಗೆ ತಾನೊಂದು ಸಿದ್ಧಾಂತ ಕಟ್ಟುತ್ತಿದ್ದೇನೆ ಎಂಬ ಕಲ್ಪನೆಯೂ ಇರಲಿಲ್ಲ. ಅಂತರರಾಷ್ಟ್ರೀಯ ಸಂಬಂಧಗಳು ಎಂಬ ವಿಷಯಕ್ಕೆ ವಿಶ್ವವಿದ್ಯಾಲಯದಲ್ಲಿ ಪೀಠ ಸಿಕ್ಕಿದ್ದೇ 1919ರಲ್ಲಿ, ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಅಬೆರಿಸ್ಟ್‌ವಿತ್ ಎಂಬ ಕಡಲತೀರದ ಊರಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಸತ್ತ ವಿದ್ಯಾರ್ಥಿಗಳ ನೆನಪಿಗೆಂದು ಡೇವಿಡ್ ಡೇವಿಸ್ ಎಂಬ ಶ್ರೀಮಂತ ರಾಜಕಾರಣಿಯ ಮನೆತನ ಹಣ ಕೊಟ್ಟಿತು. ಪೀಠಕ್ಕೆ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಹೆಸರಿಟ್ಟರು. ಮತ್ತೆ ಇಂಥ ಯುದ್ಧ ಆಗದಂತೆ ನೋಡಿಕೊಳ್ಳಬೇಕು ಎಂಬುದೇ ಉದ್ದೇಶ. ಹಾಗಾಗಿ ಶುರುವಿನಲ್ಲಿ ಮೇಲುಗೈ ಇದ್ದದ್ದು ಉದಾರವಾದಿಗಳದು, ಅಂದರೆ ಪ್ರಜಾಪ್ರಭುತ್ವ, ಒಕ್ಕೂಟಗಳಿಂದ ಯುದ್ಧ ತಡೆಯಬಹುದು ಎನ್ನುವವರದು.

ಅವರ ಬೇರು 1795ರಲ್ಲಿ ಬಂದ, ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್‌ನ ಒಂದು ಸಣ್ಣ ಪುಸ್ತಕದಲ್ಲಿದೆ. ಕಾಂಟ್‌ನ ವಾದ ಸರಳ. ಯುದ್ಧದಿಂದ ರಾಜನಿಗೆ ಏನೂ ನಷ್ಟವಿಲ್ಲ. ಅವನ ಊಟ, ಬೇಟೆ, ಅರಮನೆ ಎಲ್ಲ ಹಾಗೇ ಇರುತ್ತವೆ. ತೆರಿಗೆ ಕಟ್ಟುವವರು, ಸಾಯುವವರು ಪ್ರಜೆಗಳು. ತೀರ್ಮಾನ ಅವರ ಕೈಯಲ್ಲಿದ್ದರೆ ಹತ್ತು ಸಲ ಯೋಚಿಸುತ್ತಾರೆ. ಇಂಥ ಗಣರಾಜ್ಯಗಳು ಒಂದು ಒಕ್ಕೂಟ ಕಟ್ಟಿಕೊಂಡರೆ ಶಾಂತಿ ಸಾಧ್ಯ. ಮೊದಲ ಮಹಾಯುದ್ಧದ ನಂತರ ದೇಶಗಳು ಕಟ್ಟಿಕೊಂಡ ಒಕ್ಕೂಟ, ವಿಲ್ಸನ್ ಕನಸಿನ ಲೀಗ್ ಆಫ್ ನೇಷನ್ಸ್‌ನಲ್ಲಿ ಇದರ ನೆರಳು ಕಾಣುತ್ತದೆ. ಆದರೆ ಅದೇ ವಿಲ್ಸನ್ 1917ರಲ್ಲಿ ಪ್ರಜಾಪ್ರಭುತ್ವಕ್ಕೆ ಜಗತ್ತು ಸುರಕ್ಷಿತವಾಗಿರಬೇಕು ಎಂದು ಹೇಳಿಯೇ ಅಮೆರಿಕವನ್ನು ಯುದ್ಧಕ್ಕೆ ಇಳಿಸಿದ್ದರು. ಇದನ್ನು ಮರೆಯಬಾರದು.

ಲೀಗ್ ಜಾಸ್ತಿ ದಿನ ಬಾಳಲಿಲ್ಲ. ಅಮೆರಿಕದ ಸೆನೆಟ್ ಒಪ್ಪದ ಕಾರಣ ಅಮೆರಿಕವೇ ಅದಕ್ಕೆ ಸೇರಲಿಲ್ಲ. ಯುದ್ಧವನ್ನೇ ಕಾನೂನುಬಾಹಿರ ಮಾಡುವ ಒಪ್ಪಂದಕ್ಕೆ 1928ರಲ್ಲಿ ದೊಡ್ಡ ದೇಶಗಳೆಲ್ಲ ಸಹಿ ಹಾಕಿದವು. ಮೂರೇ ವರ್ಷಕ್ಕೆ ಜಪಾನ್ ಚೀನಾದ ಮಂಚೂರಿಯಕ್ಕೆ ನುಗ್ಗಿತು. 1935ರಲ್ಲಿ ಇಟಲಿ ಇಥಿಯೋಪಿಯಕ್ಕೆ ನುಗ್ಗಿತು. ಲೀಗ್ ಕೈಯಲ್ಲಿ ತಡೆಯಲಾಗಲಿಲ್ಲ.

1936ರಲ್ಲಿ ಅಬೆರಿಸ್ಟ್‌ವಿತ್‌ನ ವಿಲ್ಸನ್ ಪೀಠಕ್ಕೆ ಬಂದವರು ಬ್ರಿಟನ್ನಿನ ಇ.ಎಚ್. ಕಾರ್. ವಿಲ್ಸನ್ ಹೆಸರಿನ ಕುರ್ಚಿಯಲ್ಲಿ ಕೂತೇ ವಿಲ್ಸನ್ ವಿಚಾರವನ್ನು ಬುಡಸಮೇತ ಅಲ್ಲಾಡಿಸಿದರು. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದ ಹೊತ್ತಿಗೆ ಅವರ ಪುಸ್ತಕ ಬಂತು. ಶಾಂತಿ ಎಲ್ಲರಿಗೂ ಒಳ್ಳೆಯದು ಅನ್ನುವವರು ಯಾರು? ಇರುವ ವ್ಯವಸ್ಥೆಯಲ್ಲಿ ಆಗಲೇ ಗೆದ್ದು ಕೂತವರು. ಕಾರ್ ಕೆಣಕಿದ್ದು ಹೀಗೆ. ಆದರೆ ವಾಸ್ತವ ನೋಡಿ ಎಂದ ಕಾರ್ ಅದೇ ಪುಸ್ತಕದಲ್ಲಿ, ಯುದ್ಧ ತಪ್ಪಿಸಲೆಂದು 1938ರಲ್ಲಿ ಹಿಟ್ಲರ್ ಜೊತೆ ಮಾಡಿಕೊಂಡ ಮ್ಯೂನಿಕ್ ಒಪ್ಪಂದದ ಬಗ್ಗೆ ಒಳ್ಳೆಯ ಮಾತು ಬರೆದಿದ್ದರು. ಯುದ್ಧ ಮುಗಿದ ಮೇಲೆ ಬಂದ ಎರಡನೇ ಆವೃತ್ತಿಯಲ್ಲಿ ಆ ಸಾಲುಗಳನ್ನು ತಿದ್ದಿದರು.

ರಿಯಲಿಸಂ ಅಮೆರಿಕದಲ್ಲಿ ಬೇರೂರಿದ್ದು ಹ್ಯಾನ್ಸ್ ಮಾರ್ಗೆಂಥಾವ್ ಅವರಿಂದ. ಜರ್ಮನಿಯ ಯಹೂದಿ ಕುಟುಂಬದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಯುರೋಪ್ ಬಿಟ್ಟು ಬಂದವರು. ನಂಬಿದ ಕಾನೂನು, ಸಂವಿಧಾನ ಎಲ್ಲ ಕಣ್ಣೆದುರೇ ಕುಸಿದದ್ದನ್ನು ನೋಡಿದವರಿಗೆ ಅಧಿಕಾರವೇ ರಾಜಕೀಯದ ತಿರುಳು ಅನ್ನಿಸಿದರೆ ಆಶ್ಚರ್ಯವೇನು? 1948ರ ಅವರ ಪುಸ್ತಕ ದಶಕಗಳ ಕಾಲ ಪಠ್ಯವಾಗಿತ್ತು. ಹೊಸ ವಿಚಾರಕ್ಕೆ ಹಳೆಯ ವಂಶಾವಳಿ ಬೇಕಿತ್ತು. ಥುಸಿಡಿಡೀಸ್, ಇಟಲಿಯ ಚಿಂತಕ ಮ್ಯಾಕಿಯವೆಲ್ಲಿ, ಇಂಗ್ಲೆಂಡಿನ ತತ್ವಜ್ಞಾನಿ ಹಾಬ್ಸ್ ಒಬ್ಬರ ಹಿಂದೊಬ್ಬರು ಅಜ್ಜ, ಮುತ್ತಜ್ಜರಾದರು.

ಈ ವಂಶಾವಳಿಗೆ ನಮ್ಮ ಕೌಟಿಲ್ಯ ಸೇರಿದ್ದು ಮೈಸೂರಿನ ದಾರಿಯಿಂದ. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳ ಕೈಗೆ ಗ್ರಂಥ ಲಿಪಿಯ ಒಂದು ತಾಳೆಗರಿ ಕಟ್ಟು ಸಿಕ್ಕಿತು. ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟದ್ದು. ಬಿಚ್ಚಿ ಓದಿದರೆ ಅರ್ಥಶಾಸ್ತ್ರ! ಅಲ್ಲಿಯವರೆಗೆ ಅದರ ಹೆಸರು ಗೊತ್ತಿತ್ತು, ಪೂರ್ತಿ ಪಠ್ಯ ಕಳೆದೇಹೋಗಿದೆ ಎಂದು ವಿದ್ವಾಂಸರು ತಿಳಿದಿದ್ದರು. 1909ರಲ್ಲಿ ಸಂಸ್ಕೃತ ಪಠ್ಯ ಅಚ್ಚಾಯಿತು, 1915ರಲ್ಲಿ ಶಾಸ್ತ್ರಿಗಳದೇ ಇಂಗ್ಲಿಷ್ ಅನುವಾದ ಬಂತು. 1919ರಲ್ಲಿ ಮ್ಯೂನಿಕ್‌ನಲ್ಲಿ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಮಾಡಿದ ಭಾಷಣದಲ್ಲಿ ಕೌಟಿಲ್ಯ ಬರುತ್ತಾನೆ: ಅವನ ಮುಂದೆ ಮ್ಯಾಕಿಯವೆಲ್ಲಿ ಏನೂ ಅಲ್ಲ, ಪಾಪದವನು ಎಂಬ ಧಾಟಿಯಲ್ಲಿ. ಮಾರ್ಗೆಂಥಾವ್ ಮೇಲೆ ದಟ್ಟ ಪ್ರಭಾವ ಬೀರಿದ್ದು ಇದೇ ವೇಬರ್.

ಕೌಟಿಲ್ಯ ಎಂದರೆ ನೆರೆಯವನು ಶತ್ರು, ನೆರೆಯವನ ಆಚೆಯವನು ಮಿತ್ರ ಎಂಬ ಮಂಡಲ ಸಿದ್ಧಾಂತ ಮಾತ್ರ ಈಗ ಎಲ್ಲರಿಗೂ ನೆನಪು. ನೆರೆಯವರಲ್ಲಿ ಮಿತ್ರರಂತೆ ನಡೆಯುವವರೂ ಇರುತ್ತಾರೆ ಎಂದು ಅವನೇ ಹೇಳಿದ್ದಾನೆ. ಏಳನೇ ಅಧಿಕರಣದಲ್ಲಿ ಇನ್ನೊಂದು ಮಾತಿದೆ. ಸಂಧಿಯಿಂದಲೂ ಯುದ್ಧದಿಂದಲೂ ಸಿಗುವ ಲಾಭ ಸಮನಾಗಿದ್ದರೆ ಸಂಧಿಯನ್ನೇ ಮಾಡಿಕೊ. ಯುದ್ಧ ಎಂದರೆ ಜನ ನಷ್ಟ, ಹಣ ಖರ್ಚು, ಮನೆ ಬಿಟ್ಟು ಅಲೆಯುವುದು, ಮೇಲೊಂದಿಷ್ಟು ಪಾಪ. ಪಕ್ಕಾ ಲೆಕ್ಕದ ಮಾತು, ಅಲ್ವಾ? ಕೌಟಿಲ್ಯನನ್ನು ಯುದ್ಧಕ್ಕೆ ಸಾಕ್ಷಿಯಾಗಿ ಕರೆಯುವವರು ಈ ಪುಟ ಓದಿದ ಹಾಗೆ ಕಾಣುವುದಿಲ್ಲ.

1970ರ ದಶಕದಲ್ಲಿ ಚರ್ಚೆಯ ದಿಕ್ಕು ಬದಲಾಯಿತು. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಸೈನ್ಯಬಲ ಇದ್ದ ಅಮೆರಿಕವೂ ಪೆಟ್ರೋಲ್ ಬಂಕ್‌ನಲ್ಲಿ ಕ್ಯೂ ನಿಂತಿತು. ಅಮೆರಿಕದ ವಿದ್ವಾಂಸರಾದ ರಾಬರ್ಟ್ ಕಿಯೊಹೇನ್ ಮತ್ತು ಜೋಸೆಫ್ ನೈ 1977ರಲ್ಲಿ ಪರಸ್ಪರ ಅವಲಂಬನೆಯ ವಾದವನ್ನು ಪುಸ್ತಕವಾಗಿ ತಂದರು. ಎರಡು ವರ್ಷದ ನಂತರ ರಿಯಲಿಸ್ಟ್ ಕೆನೆತ್ ವಾಲ್ಟ್ಜ್, ಮನುಷ್ಯ ಕೆಟ್ಟವನೋ ಒಳ್ಳೆಯವನೋ ಅನ್ನುವ ಜಗಳವನ್ನೇ ಬದಿಗಿಟ್ಟರು. ದೇಶಗಳ ಮೇಲೆ ಪೊಲೀಸ್ ಯಾರೂ ಇಲ್ಲ, ಆದ್ದರಿಂದ ಪ್ರತಿ ದೇಶವೂ ತನ್ನನ್ನು ತಾನೇ ಕಾಯ್ದುಕೊಳ್ಳಬೇಕು ಎಂದರು. ಅತ್ತ ಲೆನಿನ್ ಜಾಡಿನಲ್ಲಿ ಬಂದ ಮಾರ್ಕ್ಸ್‌ವಾದಿಗಳು, ಬಡ ದೇಶ ಬಡವಾಗಿಯೇ ಉಳಿಯುವಂತೆ ವ್ಯಾಪಾರವೇ ನೋಡಿಕೊಳ್ಳುತ್ತದೆ ಎಂದು ವಾದಿಸುತ್ತಲೇ ಇದ್ದರು.

1991ರಲ್ಲಿ ಸೋವಿಯತ್ ಒಕ್ಕೂಟ ದೊಡ್ಡ ಯುದ್ಧವಿಲ್ಲದೆ ಚೂರಾದದ್ದನ್ನು ಈ ಯಾವ ಗುಂಪೂ ನಿರೀಕ್ಷಿಸಿರಲಿಲ್ಲ. ಆಗ ಅಲೆಕ್ಸಾಂಡರ್ ವೆಂಡ್ಟ್ ಎಂಬ ವಿದ್ವಾಂಸರ ಮಾತಿಗೆ ಕಿವಿಗಳು ಸಿಕ್ಕವು. ಅವರು ಕೊಟ್ಟ ಉದಾಹರಣೆ ಇದು. ಬ್ರಿಟನ್ ಹತ್ತಿರ 500 ಅಣುಬಾಂಬ್ ಇದ್ದರೂ ಅಮೆರಿಕ ನಿಶ್ಚಿಂತೆಯಿಂದ ಮಲಗುತ್ತದೆ. ಉತ್ತರ ಕೊರಿಯಾ ಹತ್ತಿರ 5 ಇದ್ದರೆ ನಿದ್ದೆ ಬರುವುದಿಲ್ಲ. ಲೆಕ್ಕಕ್ಕಿಂತ ಹೆಚ್ಚು ಮುಖ್ಯವಾಗುವುದು ಯಾರನ್ನು ಏನೆಂದು ತಿಳಿದಿದ್ದೇವೆ ಎಂಬುದು. ಈ ಪಂಥಕ್ಕೆ ಕನ್‌ಸ್ಟ್ರಕ್ಟಿವಿಸಂ ಎಂದು ಹೆಸರು.

ಇಷ್ಟಾದರೂ ರಿಯಲಿಸ್ಟ್ ಎಂದರೆ ಯುದ್ಧದ ಹುರುಪಿನವನು ಎಂಬ ಹಣೆಪಟ್ಟಿ ಹೋಗಿಲ್ಲ. ಮಾರ್ಗೆಂಥಾವ್ ವಿಯೆಟ್ನಾಂ ಯುದ್ಧವನ್ನು ಬಹಿರಂಗವಾಗಿ, ಮತ್ತೆ ಮತ್ತೆ ವಿರೋಧಿಸಿದರು. ಅದರಿಂದ ಅಮೆರಿಕಕ್ಕೆ ಲಾಭವಿಲ್ಲ ಎಂಬುದು ಅವರ ನೇರ ಲೆಕ್ಕ. 2002ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಜಾಹೀರಾತು ಬಂತು. ಇರಾಕ್ ಮೇಲಿನ ಯುದ್ಧ ಅಮೆರಿಕದ ಹಿತಕ್ಕೆ ಒಳ್ಳೆಯದಲ್ಲ ಎಂದು ಅದರಲ್ಲಿತ್ತು. ಸಹಿ ಹಾಕಿದ 33 ವಿದ್ವಾಂಸರಲ್ಲಿ ವಾಲ್ಟ್ಜ್, ಜಾನ್ ಮಿಯರ್‌ಶೈಮರ್, ಸ್ಟೀಫನ್ ವಾಲ್ಟ್ ಎಲ್ಲ ಇದ್ದರು. ಆರು ತಿಂಗಳಿಗೆ ಬಾಗ್ದಾದ್ ಮೇಲೆ ಬಾಂಬ್ ಬಿತ್ತು. ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂದಿದ್ದರು, ಅವು ಸಿಗಲಿಲ್ಲ. ಆಮೇಲೆ ಬುಷ್ ಸರ್ಕಾರ ಒತ್ತಿ ಹೇಳತೊಡಗಿದ ಕಾರಣ ಪ್ರಜಾಪ್ರಭುತ್ವ. ವಿಲ್ಸನ್ ಬದುಕಿದ್ದಿದ್ದರೆ ಆ ಭಾಷಣಗಳನ್ನು ಸುಲಭವಾಗಿ ಗುರುತು ಹಿಡಿಯುತ್ತಿದ್ದರು.