ಆಪ್ಟ್ ಇನ್ನೂ ಎಚ್‌ಟಿಟಿಪಿಯಲ್ಲೇ ಡೌನ್‌ಲೋಡ್ ಮಾಡುತ್ತದಲ್ಲ, ಇದು ಸರಿಯಾ?

ಓದುಗರ ಪ್ರಶ್ನೆ: ಉಬುಂಟುವಿನಲ್ಲಿ ಅಪ್‌ಡೇಟ್ ಹಾಕಿ ಟರ್ಮಿನಲ್‌ನಲ್ಲಿ ಓಡುವ ಸಾಲುಗಳನ್ನು ನೋಡುತ್ತಾ ಕೂತಿದ್ದೆ. ವಿಳಾಸಗಳೆಲ್ಲ ಎಚ್‌ಟಿಟಿಪಿ, ಕೊನೆಯ ಎಸ್ ಇಲ್ಲ. ಬ್ರೌಸರ್‌ನಲ್ಲಿ ಹೀಗಿದ್ದರೆ ಪಾಸ್‌ವರ್ಡ್ ಹಾಕಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಇಲ್ಲಿ ಇಡೀ ಸಿಸ್ಟಮ್‌ನ ಸಾಫ್ಟ್‌ವೇರ್ ಹೀಗೆ ಬರುತ್ತಿದೆ. ಹೆದರಬೇಕಾ? ಯಾವ ಸೆಟ್ಟಿಂಗ್ ಬದಲಿಸಲಿ?

ಉತ್ತರ: ಹೆದರಬೇಕಾಗಿಲ್ಲ. ದಾರಿಯಲ್ಲಿ ಯಾರಾದರೂ ಪ್ಯಾಕೇಜ್ ಬದಲಿಸಿದರೆ ಆಪ್ಟ್ (ಉಬುಂಟುವಿನಲ್ಲಿ ಸಾಫ್ಟ್‌ವೇರ್ ತರಿಸಿ ಹಾಕುವ ಪ್ರೋಗ್ರಾಂ) ಹಿಡಿಯುತ್ತದೆ, ವಿಳಾಸದಲ್ಲಿ ಎಸ್ ಇರಲಿ ಬಿಡಲಿ. ಆದರೂ ಎಚ್‌ಟಿಟಿಪಿಎಸ್‌ಗೆ ಬದಲಿಸಿಕೊಳ್ಳಿ ಅಂತಲೇ ನಾನು ಹೇಳುತ್ತೇನೆ, ಕಾರಣ ಮುಂದೆ ಇದೆ. ಇದಕ್ಕಿಂತ ಜಾಸ್ತಿ ಗಮನ ಕೊಡಬೇಕಾದ ಸೆಟ್ಟಿಂಗ್ ಬೇರೆ ಇದೆ. ಯಾರ ಡಿಜಿಟಲ್ ಸಹಿಯನ್ನು ಯಾವ ರೆಪೊಸಿಟರಿಗೆ, ಅಂದರೆ ಪ್ಯಾಕೇಜ್‌ಗಳು ಬರುವ ಯಾವ ಉಗ್ರಾಣಕ್ಕೆ, ಒಪ್ಪಿಕೊಂಡಿದ್ದೀರಿ? ಹೆಚ್ಚಿನವರು ಅದನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ.

(ಕಮಾಂಡ್, ಫೈಲ್ ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು ಅಂತ ಹೇಳಬೇಕಿಲ್ಲ, ಅಲ್ವಾ?)

ಮೊದಲು ಒಂದು ಫೈಲ್ ತೆರೆದು ನೋಡೋಣ. ವಾರ್ ಫೋಲ್ಡರ್‌ನೊಳಗೆ ಲಿಬ್, ಅದರೊಳಗೆ ಆಪ್ಟ್, ಅದರೊಳಗೆ ಲಿಸ್ಟ್ಸ್. ಅಲ್ಲಿ ಹೆಸರಿನ ಕೊನೆಯಲ್ಲಿ ಇನ್‌ರಿಲೀಸ್ ಅಂತಿರುವ ಫೈಲ್‌ಗಳು ಕಾಣುತ್ತವೆ. ಯಾವುದಾದರೂ ಒಂದನ್ನು ತೆರೆಯಿರಿ. ಮೇಲ್ಗಡೆಯೇ ಪಿಜಿಪಿ (ಡಿಜಿಟಲ್ ಸಹಿಯ ಒಂದು ಪದ್ಧತಿ) ಸಹಿ ಮಾಡಿದ ಸಂದೇಶ ಅನ್ನುವ ಸಾಲು. ಕೆಳಗೆ ರೆಪೊಸಿಟರಿಯ ಹೆಸರು, ರಿಲೀಸ್‌ನ ಹೆಸರು, ತಾರೀಖು. ಆಮೇಲೆ ಉದ್ದಕ್ಕೆ ಒಂದು ಪಟ್ಟಿ. ಅದರ ಶಾ-256 ಭಾಗದಲ್ಲಿ ಪ್ರತಿ ಸಾಲಲ್ಲೂ 64 ಅಕ್ಷರದ ಒಂದು ಶಾ-256 ಮೊತ್ತ (ಫೈಲ್‌ನ ಒಳಗಿರುವುದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥದ್ದು), ಫೈಲ್‌ನ ಸೈಜ್, ಫೈಲ್‌ನ ಹೆಸರು. ಎಲ್ಲಕ್ಕಿಂತ ಕೆಳಗೆ ಸಹಿ.

ಆ ಪಟ್ಟಿಯಲ್ಲಿರುವ ಫೈಲ್‌ಗಳಲ್ಲಿ ಪ್ಯಾಕೇಜಸ್ ಅನ್ನುವುದೂ ಒಂದು. ಅದನ್ನು ತೆರೆದರೆ ಅಲ್ಲಿ ಪ್ರತಿಯೊಂದು ಡೆಬ್ ಫೈಲ್‌ಗೂ (ಪ್ಯಾಕೇಜ್ ಬರುವುದು ಈ ರೂಪದಲ್ಲೇ) ಮತ್ತೆ ಒಂದು ಶಾ-256 ಮೊತ್ತ ಸಿಗುತ್ತದೆ. ಅಂದರೆ ಸಹಿ ಇನ್‌ರಿಲೀಸ್ ಅನ್ನು ಕಾಯುತ್ತದೆ, ಇನ್‌ರಿಲೀಸ್ ಪ್ಯಾಕೇಜಸ್ ಫೈಲ್ ಅನ್ನು ಕಾಯುತ್ತದೆ, ಅದು ಡೆಬ್ ಅನ್ನು ಕಾಯುತ್ತದೆ. ಡೆಬ್‌ನಲ್ಲಿ ಒಂದೇ ಒಂದು ಬೈಟ್ ಆಚೀಚೆ ಆದರೂ ಮೊತ್ತ ತಾಳೆಯಾಗುವುದಿಲ್ಲ. ಆಪ್ಟ್ ಅದನ್ನು ಇನ್‌ಸ್ಟಾಲ್ ಮಾಡುವುದಿಲ್ಲ. ಉಬುಂಟುವಿಗೆ ತಳಹದಿಯಾದ ಡೆಬಿಯನ್‌ನಲ್ಲಿ, 2007ರಲ್ಲಿ ಬಂದ 4.0ರಿಂದ ಈ ಏರ್ಪಾಡು ಇದೆ. ಮಿರರ್‌ಗಳು (ರೆಪೊಸಿಟರಿಯ ನಕಲು ಇಟ್ಟುಕೊಂಡು ಹಂಚುವ ಸರ್ವರ್‌ಗಳು) ಎಚ್‌ಟಿಟಿಪಿಯಲ್ಲೇ ಉಳಿಯುವುದಕ್ಕೆ ಧೈರ್ಯ ಕೊಟ್ಟಿದ್ದೂ ಇದೇ. ಮಿರರ್ ಯಾರದ್ದೇ ಆಗಿರಲಿ, ಸಹಿ ಹಾಕುವ ಗುಟ್ಟಿನ ಕೀಲಿ ಅವರ ಹತ್ತಿರ ಇರುವುದಿಲ್ಲ. ಜೊತೆಗೆ ಆಫೀಸಿನಲ್ಲಿ ನೂರು ಯಂತ್ರ ಇದ್ದರೆ ಮಧ್ಯದಲ್ಲಿ ಒಂದು ಕ್ಯಾಶ್ ಪ್ರಾಕ್ಸಿ (ತಂದದ್ದನ್ನು ಇಟ್ಟುಕೊಂಡು ಎಲ್ಲರಿಗೂ ಕೊಡುವ ಸರ್ವರ್) ಇಟ್ಟು ಪ್ಯಾಕೇಜನ್ನು ಒಮ್ಮೆ ಮಾತ್ರ ತರಿಸಬಹುದು. ಎಚ್‌ಟಿಟಿಪಿಎಸ್ ಆದರೆ ಅದು ಅಷ್ಟು ಸಲೀಸಾಗಿ ಆಗುವುದಿಲ್ಲ.

ಹಾಗಾದರೆ ಎಸ್ ಯಾಕೆ ಬೇಕು?

ಒಂದು ಕಾರಣ ಸುಲಭದ್ದು. ನೀವು ಏನು ಹಾಕಿಕೊಳ್ಳುತ್ತಿದ್ದೀರಿ ಅನ್ನುವುದು ಎಚ್‌ಟಿಟಿಪಿಯಲ್ಲಿ ದಾರಿಯಲ್ಲಿರುವ ಎಲ್ಲರಿಗೂ ಕಾಣುತ್ತದೆ. ಎಚ್‌ಟಿಟಿಪಿಎಸ್‌ನಲ್ಲಿ ಹೆಸರು ಕಾಣುವುದಿಲ್ಲ, ಆದರೆ ಸೈಜ್ ನೋಡಿ ಊಹಿಸುವುದು ಕಷ್ಟವೇನಲ್ಲ. ಪೂರ್ತಿ ಮರೆ ಸಿಗುತ್ತದೆ ಅಂದುಕೊಳ್ಳಬೇಡಿ.

ಎರಡನೆಯದು ಸ್ವಾರಸ್ಯದ್ದು. ಸಹಿ ಸರಿಯಾಗಿದ್ದರೂ ಮೋಸ ಮಾಡಬಹುದು, ಹಳೆಯದನ್ನೇ ಕೊಟ್ಟು! ಹೋದ ತಿಂಗಳ ಇನ್‌ರಿಲೀಸ್ ಫೈಲ್‌ಗೆ ಅಸಲಿ ಸಹಿಯೇ ಇರುತ್ತದೆ. ಮಧ್ಯದಲ್ಲಿ ಕೂತವನು ಅದನ್ನೇ ಕೊಡುತ್ತಾ ಹೋದರೆ ನಿಮ್ಮ ಯಂತ್ರ ‘ಎಲ್ಲ ಅಪ್‌ಡೇಟ್ ಆಗಿದೆ’ ಅಂತ ನೆಮ್ಮದಿಯಾಗಿರುತ್ತದೆ. ಈ ನಡುವೆ ಬಂದ ಸೆಕ್ಯುರಿಟಿ ತಿದ್ದುಪಡಿ ನಿಮಗೆ ಮುಟ್ಟುವುದೇ ಇಲ್ಲ. ಇದು ಬರೀ ಕಲ್ಪನೆಯಲ್ಲ. 2008ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲದ ಕಂಪನಿಯೊಂದರ ಹೆಸರಿನಲ್ಲಿ ಸರ್ವರ್ ಬಾಡಿಗೆಗೆ ಹಿಡಿದು, ಉಬುಂಟು, ಡೆಬಿಯನ್, ಫೆಡೋರಾ, ಸೆಂಟ್‌ಒಎಸ್, ಓಪನ್‌ಸೂಸೆ ಇಷ್ಟೂ ಕಡೆ ಮಿರರ್ ಪಟ್ಟಿಗೆ ಸೇರಿಕೊಂಡು ತೋರಿಸಿದ್ದರು. ಮಿರರ್ ಆಗುವುದು ಅಷ್ಟು ಸುಲಭವಿತ್ತು.

ಇದಕ್ಕೆ ಮದ್ದು ಇನ್‌ರಿಲೀಸ್‌ನ ತಲೆಯಲ್ಲಿ ಕಾಣುವ ವ್ಯಾಲಿಡ್-ಅಂಟಿಲ್ ಅನ್ನುವ ಸಾಲು. ಈ ತಾರೀಖು ದಾಟಿದರೆ ಈ ಪಟ್ಟಿಯನ್ನು ನಂಬಬೇಡ ಅಂತ ಅರ್ಥ. ಡೆಬಿಯನ್‌ನ ಸೆಕ್ಯುರಿಟಿ ರೆಪೊಸಿಟರಿಯಲ್ಲಿ ಈ ಗಡುವು ಒಂದು ವಾರದ ಆಸುಪಾಸಿನಲ್ಲಿರುತ್ತದೆ. ಎಲ್ಲ ರೆಪೊಸಿಟರಿಗಳೂ ಈ ಸಾಲು ಹಾಕುವುದಿಲ್ಲ, ಹಾಕದ ಕಡೆ ಎಚ್‌ಟಿಟಿಪಿಎಸ್ ಸ್ವಲ್ಪ ಕೈ ಹಿಡಿಯುತ್ತದೆ. ಮಿರರ್ ನಡೆಸುವವನೇ ಕೆಟ್ಟವನಾದರೆ ಅದೂ ಉಪಯೋಗಕ್ಕೆ ಬರುವುದಿಲ್ಲ.

ತಾರೀಖಿನ ಈ ಪರೀಕ್ಷೆಯಿಂದ ಒಂದು ಎರರ್ ಬರುತ್ತದೆ, ಅದನ್ನು ಬಹಳ ಜನ ತಪ್ಪಾಗಿ ಸರಿಮಾಡುತ್ತಾರೆ. ರಿಲೀಸ್ ಫೈಲ್ ಎಕ್ಸ್‌ಪೈರ್ ಆಗಿದೆ ಅಂತಲೋ, ಇನ್ನೂ ವ್ಯಾಲಿಡ್ ಆಗಿಲ್ಲ ಅಂತಲೋ ಆಪ್ಟ್ ಹೇಳುತ್ತದೆ. ಹುಡುಕಿದರೆ ಅಕ್ವೈರ್ ಚೆಕ್-ವ್ಯಾಲಿಡ್-ಅಂಟಿಲ್ ಅನ್ನೋ, ಚೆಕ್-ಡೇಟ್ ಅನ್ನೋ ಫಾಲ್ಸ್ ಮಾಡಿ, ಅಂದರೆ ಪರೀಕ್ಷೆಯನ್ನೇ ನಿಲ್ಲಿಸಿ, ಅನ್ನುವ ಸಲಹೆ ಮೊದಲು ಸಿಗುತ್ತದೆ. ಮಾಡಿದರೆ ಎರರ್ ಹೋಗುತ್ತದೆ, ನಿಜ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಮೊದಲು ಯಂತ್ರದ ಗಡಿಯಾರ ನೋಡಿ. ಮದರ್‌ಬೋರ್ಡ್‌ನ ಸಣ್ಣ ಬ್ಯಾಟರಿ ಸತ್ತಿರಬಹುದು, ನಿಲ್ಲಿಸಿಟ್ಟ ವರ್ಚುವಲ್ ಮಷೀನ್ ಈಗಷ್ಟೇ ಎದ್ದಿರಬಹುದು. ಸಮಯ ಸರಿಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಹಳೆಯ, ಆರ್ಕೈವ್‌ಗೆ ಹೋದ ರಿಲೀಸ್ ಒಂದನ್ನು ಬೇಕೆಂದೇ ಬಳಸುತ್ತಿದ್ದರೆ ಆ ಒಂದು ರೆಪೊಸಿಟರಿಯ ಸಾಲಿಗೆ ಮಾತ್ರ ಚೆಕ್ ಆಫ್ ಮಾಡಬಹುದು. ಇಡೀ ಸಿಸ್ಟಮ್‌ಗೆ ಬೇಡ.

ಮೂರನೆಯ ಕಾರಣವೇ ನನ್ನ ಮನಸ್ಸು ಬದಲಿಸಿದ್ದು. ‘ಸಹಿ ಇದ್ದರೆ ಸಾಕು’ ಅಂತ ವಾದ ಮಾಡುವ ಗುಂಪಿನಲ್ಲಿ ನಾನೂ ಇದ್ದೆ. 2019ರ ಜನವರಿಯಲ್ಲಿ ಆಪ್ಟ್‌ನದೇ ಒಂದು ಸೆಕ್ಯುರಿಟಿ ದೋಷ, ಸಿವಿಇ-2019-3462, ಹೊರಬಂತು. ಆಪ್ಟ್ ಡೌನ್‌ಲೋಡ್ ಕೆಲಸವನ್ನು ಒಂದು ಬೇರೆ ಪ್ರೋಸೆಸ್‌ಗೆ ಕೊಡುತ್ತದೆ. ಫೈಲ್ ಇಳಿಸಿ, ಅದರ ಮೊತ್ತ ಲೆಕ್ಕ ಹಾಕಿ, ‘ಆಯ್ತು, ಮೊತ್ತ ಇಷ್ಟು’ ಅಂತ ಆ ಪ್ರೋಸೆಸ್ ವರದಿ ಕೊಡುತ್ತದೆ. ಸರ್ವರ್ ‘ಫೈಲ್ ಇಲ್ಲಿಲ್ಲ, ಅಲ್ಲಿದೆ’ ಅಂತ ರೀಡೈರೆಕ್ಟ್ ಮಾಡಿದಾಗ ಆ ಹೊಸ ವಿಳಾಸವನ್ನು ಸರಿಯಾಗಿ ಸೋಸದೆ ವರದಿಗೆ ಸೇರಿಸುತ್ತಿತ್ತು. ವಿಳಾಸದಲ್ಲಿ ಹೊಸ ಸಾಲಿನ ಗುರುತುಗಳನ್ನು ತುರುಕಿದರೆ ಮುಗಿಯಿತು. ದಾರಿಯಲ್ಲಿ ಕೂತವನೇ ‘ಆಯ್ತು, ಮೊತ್ತ ಇಷ್ಟು’ ಅನ್ನುವ ಸುಳ್ಳು ವರದಿ ಬರೆದುಬಿಡಬಹುದಿತ್ತು. ತಾಳೆ ನೋಡುವವನ ಕೈಗೆ ಸುಳ್ಳು ಲೆಕ್ಕ ಕೊಟ್ಟ ಮೇಲೆ ಸಹಿ ಎಷ್ಟು ಗಟ್ಟಿಯಿದ್ದರೇನು? ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಪೂರ್ತಿ ಒಡೆತನದಲ್ಲಿ, ಬೇಕಾದ್ದನ್ನು ಓಡಿಸಬಹುದಿತ್ತು. ಎಚ್‌ಟಿಟಿಪಿಎಸ್ ಬಳಸುತ್ತಿದ್ದವರಿಗೆ ದಾರಿಹೋಕನ ಕಾಟ ಇರಲಿಲ್ಲ.

ಆ ಸಲದ ತಮಾಷೆ ಏನೆಂದರೆ, ಆಪ್ಟ್ ಅನ್ನು ಸರಿಮಾಡಲು ಆಪ್ಟ್ ಅನ್ನೇ ಬಳಸಬೇಕಿತ್ತು. ಅದಕ್ಕೇ ಡೆಬಿಯನ್‌ನವರು ಅಕ್ವೈರ್ ಎಚ್‌ಟಿಟಿಪಿ ಅಲೋ-ರೀಡೈರೆಕ್ಟ್ ಅನ್ನುವ ಸೆಟ್ಟಿಂಗ್ ಅನ್ನು ಫಾಲ್ಸ್ ಮಾಡಿಕೊಂಡು ಅಪ್‌ಗ್ರೇಡ್ ಮಾಡಿ ಅಂತ ಹೇಳಿದರು.

ಬದಲಿಸುವುದು ಸುಲಭ. ಆಪ್ಟ್ 1.5ರಿಂದ ಎಚ್‌ಟಿಟಿಪಿಎಸ್ ಒಳಗೇ ಇದೆ. ಆಪ್ಟ್-ಟ್ರಾನ್ಸ್‌ಪೋರ್ಟ್-ಎಚ್‌ಟಿಟಿಪಿಎಸ್ ಪ್ಯಾಕೇಜ್ ಹಾಕಿ ಅನ್ನುವ ಹಳೆಯ ಸಲಹೆ ಈಗ ಬೇಕಿಲ್ಲ. ಸಿಎ-ಸರ್ಟಿಫಿಕೇಟ್ಸ್ ಪ್ಯಾಕೇಜ್ ಇದೆಯಾ ನೋಡಿ, ರೆಪೊಸಿಟರಿಗಳ ವಿಳಾಸ ಬರೆದಿರುವ ಸೋರ್ಸಸ್ ಫೈಲ್‌ನಲ್ಲಿ ವಿಳಾಸಕ್ಕೆ ಎಸ್ ಸೇರಿಸಿ, ಅಪ್‌ಡೇಟ್ ಓಡಿಸಿ. ಎಲ್ಲ ಮಿರರ್‌ಗಳೂ ಎಚ್‌ಟಿಟಿಪಿಎಸ್ ಕೊಡುವುದಿಲ್ಲ, ಎರರ್ ಬಂದರೆ ಕೊಡುವ ಮಿರರ್ ಆರಿಸಿಕೊಳ್ಳಿ. ಸರ್ಟಿಫಿಕೇಟ್ ಎರರ್ ಬಂತು ಅಂತ ಸರ್ವರ್ ಅಸಲಿಯಾ ಅಂತ ಪರೀಕ್ಷಿಸುವ ವೆರಿಫೈ-ಪಿಯರ್ ಅನ್ನು ಮಾತ್ರ ಆಫ್ ಮಾಡಬೇಡಿ. ಹಾಗೆ ಮಾಡುವುದಾದರೆ ಎಸ್ ಹಾಕಿದ್ದಾದರೂ ಯಾಕೆ?

ಈಗ ಕೀಲಿಗಳ ವಿಷಯ, ಅಂದರೆ ಸಹಿ ಅಸಲಿಯಾ ಅಂತ ನೋಡಲು ನಿಮ್ಮ ಯಂತ್ರದಲ್ಲಿ ಇಟ್ಟುಕೊಳ್ಳುವ ಪಬ್ಲಿಕ್ ಕೀಲಿಗಳು. ಹೆಚ್ಚಿನ ಯಂತ್ರಗಳಲ್ಲಿ ನಿಜವಾದ ಸಡಿಲು ಇರುವುದು ಇಲ್ಲೇ.

ಯಾವುದೋ ಎಡಿಟರ್, ಬ್ರೌಸರ್ ಅಥವಾ ಡೇಟಾಬೇಸ್ ಹಾಕುವಾಗ ಮೂರು ಸಾಲು ಕಾಪಿ ಮಾಡಿ ಅಂಟಿಸಿರುತ್ತೀರಿ. ಹಳೆಯ ಸೂಚನೆಗಳಲ್ಲಿ ಮೊದಲ ಸಾಲೇ ಆಪ್ಟ್-ಕೀ ಆಡ್. ಹೀಗೆ ಸೇರಿಸಿದ ಕೀಲಿಯನ್ನು ಆಪ್ಟ್, ಇಂಥದ್ದೇ ಕೀಲಿ ಬೇಕು ಅಂತ ಮಿತಿ ಹಾಕಿರದ ಎಲ್ಲ ರೆಪೊಸಿಟರಿಗಳಿಗೂ ಒಪ್ಪುತ್ತದೆ. ಆ ಮಿತಿ ಇಲ್ಲದಿದ್ದರೆ ಉಬುಂಟುವಿನ ಮುಖ್ಯ ರೆಪೊಸಿಟರಿಗೂ ಒಪ್ಪುತ್ತದೆ. ಎಡಿಟರ್ ಮಾಡುವವರ ಗುಟ್ಟಿನ ಕೀಲಿ ಕಳುವಾದರೆ ಕಳ್ಳ ನಿಮ್ಮ ಕರ್ನಲ್‌ಗೂ, ಅಂದರೆ ಸಿಸ್ಟಮ್‌ನ ತಿರುಳಿಗೂ, ಸಹಿ ಹಾಕಬಹುದು. ಅದಕ್ಕೇ ಆಪ್ಟ್-ಕೀ ಅನ್ನು ಕೈಬಿಟ್ಟರು. ಡೆಬಿಯನ್ 11 ಮತ್ತು ಉಬುಂಟು 22.04ರ ಆಚೆಗೆ ಅದನ್ನು ನೆಚ್ಚಿಕೊಳ್ಳಬೇಡಿ ಅಂತ ಅದರ ಕೈಪಿಡಿಯಲ್ಲೇ ಇದೆ.

ಈಗಿನ ರೀತಿ ಹೀಗೆ. ಕೀಲಿಯನ್ನು ಇಟಿಸಿ, ಆಪ್ಟ್, ಅದರೊಳಗಿನ ಕೀರಿಂಗ್ಸ್ ಫೋಲ್ಡರ್‌ನಲ್ಲಿ ಇಡಿ. ರೆಪೊಸಿಟರಿಯ ಸೋರ್ಸಸ್ ಫೈಲ್‌ನಲ್ಲಿ ಟೈಪ್ಸ್, ಯುಆರ್‌ಐಸ್, ಸೂಟ್ಸ್, ಕಾಂಪೊನೆಂಟ್ಸ್ ಅನ್ನುವ ಸಾಲುಗಳ ಕೆಳಗೆ ಸೈನ್ಡ್-ಬೈ ಅಂತ ಒಂದು ಸಾಲು ಹಾಕಿ, ಆ ಕೀಲಿಯ ಪೂರ್ತಿ ದಾರಿ ಬರೆಯಿರಿ. ಈ ಕೀಲಿ ಈ ರೆಪೊಸಿಟರಿಗೆ ಮಾತ್ರ. ಉಬುಂಟು 24.04ರ ಉಬುಂಟು ಡಾಟ್ ಸೋರ್ಸಸ್ ಫೈಲ್ ತೆರೆದರೆ ಇದೇ ಅಚ್ಚು ಕಾಣುತ್ತದೆ, ಅದನ್ನೇ ಮಾದರಿ ಮಾಡಿಕೊಳ್ಳಿ. ಕೀಲಿ ಅಕ್ಷರರೂಪದಲ್ಲಿದ್ದರೆ ಫೈಲ್ ಹೆಸರು ಡಾಟ್ ಎಎಸ್‌ಸಿ, ಬೈನರಿ ಆಗಿದ್ದರೆ ಡಾಟ್ ಜಿಪಿಜಿ. ಅದಲು ಬದಲಾದರೆ ಆಪ್ಟ್ ಗೊಣಗುತ್ತದೆ. ಕೀಲಿ ಇಳಿಸಿಕೊಳ್ಳುವಾಗ ಮಾತ್ರ ಎಚ್‌ಟಿಟಿಪಿಎಸ್ ಇರಲೇಬೇಕು. ಕೀಲಿಯನ್ನೇ ಯಾರೋ ಬದಲಿಸಿದರೆ ಮುಂದಿನದ್ದೆಲ್ಲ ಅವರದ್ದೇ ಕಾರುಬಾರು. ಆಗುವುದಾದರೆ ಕೀಲಿಯ ಗುರುತಾದ ಫಿಂಗರ್‌ಪ್ರಿಂಟ್‌ನ 40 ಅಕ್ಷರಗಳನ್ನೂ ತಾಳೆ ನೋಡಿ, ಕೊನೆಯ ಎಂಟು ಮಾತ್ರ ಸಾಲದು.

ಇಲ್ಲಿ ನಾನೊಮ್ಮೆ ಅರ್ಧ ದಿನ ಕಳೆದುಕೊಂಡೆ. ಕೀಲಿ ಇಟ್ಟಿದ್ದೆ, ಸೈನ್ಡ್-ಬೈ ಬರೆದಿದ್ದೆ, ದಾರಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೂ ಸಹಿ ಪರೀಕ್ಷಿಸಲು ಪಬ್ಲಿಕ್ ಕೀ ಇಲ್ಲ ಅಂತಲೇ ಎರರ್. ಕೀಲಿಯನ್ನು ಮೂರು ಸಲ ಇಳಿಸಿದೆ. ಕೊನೆಗೆ ಪರ್ಮಿಷನ್ ನೋಡಿದರೆ 600. ರೂಟ್ ಬಿಟ್ಟು ಬೇರೆ ಯಾರೂ ಓದುವಂತಿಲ್ಲ. ಆಪ್ಟ್ ಈ ಕೆಲಸವನ್ನು ರೂಟ್ ಆಗಿ ಮಾಡುವುದಿಲ್ಲ, ಅಂಡರ್‌ಸ್ಕೋರ್-ಆಪ್ಟ್ ಅನ್ನುವ, ಅಧಿಕಾರ ಕಡಿಮೆ ಇರುವ ಬಡ ಯೂಸರ್ ಕೈಗೆ ಕೊಡುತ್ತದೆ. ಪಾಪ, ಅವನಿಗೆ ಫೈಲ್ ಕಾಣುತ್ತಿತ್ತು, ತೆರೆಯಲು ಆಗುತ್ತಿರಲಿಲ್ಲ. ಎಲ್ಲರೂ ಓದುವ ಹಾಗೆ 644 ಮಾಡಿದೆ, ಸರಿಹೋಯಿತು. ಆ ಸಿಟ್ಟಿನಲ್ಲಿ ಟ್ರಸ್ಟೆಡ್ ಇಕ್ವಲ್ ಟು ಯೆಸ್ ಅಂತ ಹಾಕಿ ಮುಗಿಸೋಣ ಅನ್ನಿಸಿದ್ದು ಸುಳ್ಳಲ್ಲ. ಅದನ್ನು ಹಾಕಿದರೆ ಆ ರೆಪೊಸಿಟರಿಗೆ ಸಹಿಯೇ ಬೇಡ ಅಂತ ಹೇಳಿದ ಹಾಗೆ. ನಿಮ್ಮ ಸೋರ್ಸಸ್ ಫೈಲ್‌ಗಳಲ್ಲಿ ಟ್ರಸ್ಟೆಡ್, ಅಲೋ-ಇನ್‌ಸೆಕ್ಯೂರ್ ಈ ಎರಡು ಪದಗಳನ್ನು ಒಮ್ಮೆ ಹುಡುಕಿ ನೋಡಿ. ಎಂದೋ ಹಾಕಿ ಮರೆತದ್ದು ಇರಬಹುದು.

ಸೈನ್ಡ್-ಬೈ ಮಾಡದ ಕೆಲಸವೂ ಒಂದಿದೆ. ಹೊರಗಿನ ರೆಪೊಸಿಟರಿ ತನ್ನದೇ ಸಹಿ ಹಾಕಿ, ಸಿಸ್ಟಮ್‌ನ ಬೇರೆ ಯಾವುದೇ ಪ್ಯಾಕೇಜ್‌ನ ಹೆಸರಲ್ಲಿ ಹೆಚ್ಚಿನ ವರ್ಷನ್ ಕೊಟ್ಟರೆ ಆಪ್ಟ್ ಅದನ್ನೇ ತೆಗೆದುಕೊಳ್ಳುತ್ತದೆ. ಇದನ್ನು ತಡೆಯುವುದು ಪಿನ್ನಿಂಗ್, ಅಂದರೆ ಯಾವ ರೆಪೊಸಿಟರಿಗೆ ಎಷ್ಟು ಆದ್ಯತೆ ಅಂತ ಅಂಕ ಕೊಡುವುದು. ಪ್ರಿಫರೆನ್ಸಸ್ ಡಾಟ್ ಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ: ಪ್ಯಾಕೇಜ್ ಅನ್ನುವಲ್ಲಿ ನಕ್ಷತ್ರ ಚಿಹ್ನೆ, ಪಿನ್ ಅನ್ನುವಲ್ಲಿ ಒರಿಜಿನ್ ಮತ್ತು ಆ ಸರ್ವರ್‌ನ ಹೆಸರು, ಪಿನ್-ಪ್ರಯಾರಿಟಿ 100. ಮಾಮೂಲಿ ರೆಪೊಸಿಟರಿಗಳಿಗೆ 500 ಇರುವುದರಿಂದ ಎರಡೂ ಕಡೆ ಇರುವ ಪ್ಯಾಕೇಜ್ ಉಬುಂಟುವಿನಿಂದಲೇ ಬರುತ್ತದೆ. ಅಲ್ಲಿ ಮಾತ್ರ ಇರುವ ನಿಮ್ಮ ಎಡಿಟರ್ 100ರಲ್ಲೂ ಇನ್‌ಸ್ಟಾಲ್ ಆಗುತ್ತದೆ, ಅಪ್‌ಡೇಟೂ ಆಗುತ್ತದೆ. ಆಪ್ಟ್ ಪಾಲಿಸಿ ಓಡಿಸಿದರೆ ಯಾವುದಕ್ಕೆ ಎಷ್ಟು ಅಂಕ ಅಂತ ಕಾಣುತ್ತದೆ. ಆದರೂ ಆ ಎಡಿಟರ್‌ನ ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡುವುದು ರೂಟ್ ಆಗಿಯೇ. ಆ ಮಟ್ಟಿನ ನಂಬಿಕೆ ಇಲ್ಲದವರ ರೆಪೊಸಿಟರಿ ಸೇರಿಸಲೇಬೇಡಿ.

ಫೆಡೋರಾ ಬಳಸುವವರು ರೆಪೊ ಫೈಲ್‌ಗಳಲ್ಲಿ ಜಿಪಿಜಿಚೆಕ್ 1 ಇದೆಯಾ ಅಂತ ನೋಡಿದರೆ ಸಾಕು. ಅಲ್ಲಿ ಪ್ರತಿ ಆರ್‌ಪಿಎಂಗೂ (ಫೆಡೋರಾದ ಪ್ಯಾಕೇಜ್ ಫೈಲ್) ಅದರದೇ ಸಹಿ ಇರುತ್ತದೆ. ರೆಪೊ ಜಿಪಿಜಿಚೆಕ್ ಅನ್ನುವುದು ಪಟ್ಟಿಯ ಸಹಿಯದ್ದು. ಫೆಡೋರಾದ ಸ್ವಂತ ರೆಪೊಗಳಲ್ಲಿ ಅದು 0 ಇದ್ದರೆ ಗಾಬರಿ ಬೇಡ, ಪಟ್ಟಿಯ ಮೊತ್ತ ಮೆಟಾಲಿಂಕ್ (ಮಿರರ್‌ಗಳ ವಿಳಾಸ ಕೊಡುವ ಫೈಲ್) ಮೂಲಕ ಎಚ್‌ಟಿಟಿಪಿಎಸ್‌ನಲ್ಲೇ ಬರುತ್ತದೆ. ಆರ್ಚ್ ಲಿನಕ್ಸ್‌ನವರು ಅಲ್ಲಿನ ಪ್ಯಾಕೇಜ್ ಪ್ರೋಗ್ರಾಂನ ಸೆಟ್ಟಿಂಗ್ ಫೈಲ್ ಪ್ಯಾಕ್‌ಮನ್ ಕಾನ್ಫ್ ತೆರೆದು ಸಿಗ್‌ಲೆವೆಲ್ ಮುಂದೆ ರಿಕ್ವೈರ್ಡ್ ಡೇಟಾಬೇಸ್-ಆಪ್ಷನಲ್ ಅಂತಿದೆಯಾ ನೋಡಿ, ನೆವರ್ ಅಂತಿದ್ದರೆ ತೆಗೆಯಿರಿ. ತುಂಬಾ ದಿನ ಅಪ್‌ಡೇಟ್ ಮಾಡದೆ ಬಿಟ್ಟ ಯಂತ್ರದಲ್ಲಿ ಸಹಿ ಎರರ್ ಬಂದರೆ ಮೊದಲು ಆರ್ಚ್‌ಲಿನಕ್ಸ್-ಕೀರಿಂಗ್ ಪ್ಯಾಕೇಜನ್ನು ಹೊಸದು ಮಾಡಿ, ಅದರ ಬೆನ್ನಿಗೇ ಪೂರ್ತಿ ಅಪ್‌ಗ್ರೇಡ್ ಓಡಿಸಿ.